ಎಮ್ಮೆ ಬಾಲ ಬಿಟ್ಟು ಗ್ಲೈಡರ್ ಹಾರಿಸಿದ್ದು

"ಎಮ್ಮಿ ಬಾಲಾ ಹಿಡದೀಯೇನಲೇ? ಎರಡ ಬಟ್ಟ ಸಾಕು. ಸಡ್ಲ ಬಿಡು."

ಗ್ಲೈಡರ್ ಕಲಿಯಲು ಹೋದ ಮೊದಲ ತಿಂಗಳು, ಅದನ್ನು ನಡೆಸುವ ಕೋಲನ್ನು ಬಿಗಿಯಾಗಿ ಹಿಡಿದಾಗೆಲ್ಲ ನನ್ನ ಕಿವಿಗೆ ಬಿದ್ದ ಮಾತು ಇದು. ಹೇಳುತ್ತಿದ್ದವರು ನಮ್ಮ ಇನ್‌ಸ್ಟ್ರಕ್ಟರ್. ಏರ್‌ಫೋರ್ಸ್‌ನವರು, ಧಾರವಾಡದ ಕಡೆಯವರು. ನೆಲದ ಮೇಲಿದ್ದಾಗ ಬರೀ ಇಂಗ್ಲಿಷು, ಹಿಂದಿ. ಚಕ್ರ ನೆಲ ಬಿಟ್ಟ ತಕ್ಷಣ ಧಾರವಾಡ ಶುರು. ಮನಸ್ಸಿಗೆ ತಾಗುವ ಹಾಗೆ ಬೈಯಬೇಕಾದರೆ ಊರಿನ ಮಾತೇ ಬೇಕು ಅಂತ ಕಾಣುತ್ತೆ.

ಅದು 1983ರ ಮಾತು. ನನಗಾಗ 18. ಬಿಎಸ್ಸಿ ಮೊದಲ ವರ್ಷ. ದೇಶಸೇವೆಗಾಗಿ ಎನ್‌ಸಿಸಿ ಸೇರುತ್ತಿದ್ದೇನೆ ಅಂತ ಆಯ್ಕೆಯ ದಿನ ಎದೆಯುಬ್ಬಿಸಿ ಹೇಳಿದ್ದೆ. ನಿಜ ಹೇಳಬೇಕೆಂದರೆ, ಭಾನುವಾರದ ಪರೇಡ್ ಮುಗಿದ ಮೇಲೆ ಇಡ್ಲಿ-ವಡೆ ಸಿಗುತ್ತೆ ಅನ್ನೋದು ಒಂದು ಕಾರಣ. ಏರ್ ವಿಂಗ್‌ನಲ್ಲಿ ಹಾರಿಸೋಕೂ ಕೊಡ್ತಾರೆ ಅಂತ ಸೀನಿಯರ್ ಒಬ್ಬ ಹೇಳಿದ್ದು ಇನ್ನೊಂದು. ಎನ್‌ಸಿಸಿ ಶುರುವಾದದ್ದು 1948ರಲ್ಲಿ, ಅದರ ಏರ್ ವಿಂಗ್ 1950ರಲ್ಲಿ. ಅಷ್ಟು ವರ್ಷದಿಂದ ಕಾಲೇಜು ಹುಡುಗರು ಹಾರುತ್ತಿದ್ದಾರೆ, ನನಗೊಬ್ಬನಿಗೆ ಏನಾಗುತ್ತೆ ಅಂತ ಮನೆಯಲ್ಲಿ ವಾದ ಹೂಡಿದೆ.

ಒಪ್ಪಿಗೆ ಪತ್ರಕ್ಕೆ ಅಪ್ಪನ ರುಜು ಬೇಕಿತ್ತು. ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಮಾತಾಡದೆ ರುಜು ಹಾಕಿದರು. ತಕರಾರು ಅಮ್ಮನದು.

"ಇಂಜಿನ್ನೇ ಇಲ್ವಂತೆ. ಮೇಲೆ ಹೇಗೋ ನಿಲ್ಲುತ್ತೆ ಅದು?"

"ನಿಲ್ಲಲ್ಲಮ್ಮಾ, ಇಳೀತಾನೇ ಇರುತ್ತೆ" ಅಂದೆ.

ಅದಾದ ಮೇಲೆ ಒಂದು ವಾರ ಅಮ್ಮ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಆದರೆ ನಾನು ಹೇಳಿದ್ದೇನೂ ಸುಳ್ಳಲ್ಲ. ಪೆಡಲ್ ತುಳಿಯದೆ ಇಳಿಜಾರಿನಲ್ಲಿ ಸೈಕಲ್ ಬಿಡ್ತೀವಲ್ಲ, ಗ್ಲೈಡರ್ ಹಾರೋದು ಹಾಗೆ. ಒಂದು ಮೀಟರ್ ಕೆಳಗಿಳಿಯುವಷ್ಟರಲ್ಲಿ 15–20 ಮೀಟರ್ ಮುಂದೆ ಹೋಗಿರುತ್ತದೆ. ಮೂಗು ಚೂರು ಕೆಳಗಿದ್ದರೆ ವೇಗ ಇರುತ್ತದೆ. ವೇಗ ಇದ್ದರೆ ರೆಕ್ಕೆ ಹೊರುತ್ತದೆ. ಮೂಗು ಜಾಸ್ತಿ ಎತ್ತಿದಿರೋ, ಏರಿನಲ್ಲಿ ಸಿಕ್ಕಿಕೊಂಡ ಸೈಕಲ್ಲಿನ ಗತಿ.

ನಾವು ಹಾರುತ್ತಿದ್ದದ್ದು ಜಕ್ಕೂರಿನಲ್ಲಿ. ಬಿಟಿಎಸ್ ಬಸ್ಸಿನಲ್ಲಿ ಹೆಬ್ಬಾಳ, ಅಲ್ಲಿಂದ ಮುಂದಕ್ಕೆ ಸಿಕ್ಕ ಗಾಡಿ, ಸಿಗದಿದ್ದರೆ ಕಾಲು. ಈಗ ದೇವನಹಳ್ಳಿ ಏರ್‌ಪೋರ್ಟಿಗೆ ಹೋಗುವವರು ಮೇಲ್ರಸ್ತೆಯಲ್ಲಿ ಆ ಮೈದಾನದ ಪಕ್ಕದಲ್ಲೇ ಹಾದುಹೋಗುತ್ತಾರೆ. ಎಷ್ಟು ಜನ ತಿರುಗಿ ನೋಡುತ್ತಾರೋ ಗೊತ್ತಿಲ್ಲ. ಆಗ ಅಲ್ಲಿ ಸರ್ಕಾರಿ ವಿಮಾನ ಶಾಲೆಯ ಪುಷ್ಪಕ್ ವಿಮಾನಗಳೂ ಹಾರುತ್ತಿದ್ದವು. ಅವರು ಹಾರಿದರೆ ನಾವು ಕಾಯಬೇಕು. ದನ ನುಗ್ಗಿದರೆ ಇಬ್ಬರೂ ಕಾಯಬೇಕು.

ನಮ್ಮ ಗ್ಲೈಡರ್ ಹೆಸರು ರೋಹಿಣಿ. ಸಿವಿಲ್ ಏವಿಯೇಷನ್ ಇಲಾಖೆಯ ಎಸ್. ರಾಮಾಮೃತಂ ಅವರ ವಿನ್ಯಾಸ. 1961ರಲ್ಲಿ ಮೊದಲು ಹಾರಿದ್ದು. ಆಮೇಲೆ ಎಚ್‌ಎಎಲ್ ಅದನ್ನು ಸಾಲಾಗಿ ಕಟ್ಟಿತು. ಮರದ ಅಸ್ಥಿಪಂಜರ, ಮೇಲೆ ಬಟ್ಟೆ. ಇಬ್ಬರು ಅಕ್ಕಪಕ್ಕ ಕೂರಬೇಕು, ಸ್ಕೂಟರಿನಂತೆ ಹಿಂದೆ ಮುಂದೆ ಅಲ್ಲ. ಹೀಗಾಗಿ ಸರ್ ಕೈ ಚಾಚಿದರೆ ನನ್ನ ತೊಡೆ ಸಿಗುತ್ತಿತ್ತು. ತಪ್ಪು ಮಾಡಿದಾಗ ಚಾಚುತ್ತಲೂ ಇದ್ದರು. ಮೊದಲ ಸಲ ನೋಡಿದಾಗ ಬೆರಳಿನಿಂದ ರೆಕ್ಕೆ ತಟ್ಟಿದೆ. ತಮಟೆ ತಟ್ಟಿದ ಹಾಗೆ ಟಪ್ ಅಂತು. ಇದರಲ್ಲಿ ಹಾರಬೇಕಾ ಅನ್ನಿಸಿತು.

ಗ್ಲೈಡಿಂಗ್ ಅಂದರೆ ಹಾರೋದು ಅಂದುಕೊಂಡು ಹೋದವರಿಗೆ ಮೊದಲ ದಿನವೇ ಭ್ರಮೆ ಬಿಡುತ್ತದೆ. ಅದು ತಳ್ಳೋದು. ಬೆಳಗ್ಗೆ ಹ್ಯಾಂಗರಿನಿಂದ ತಳ್ಳು. ಇಳಿದ ಕಡೆಯಿಂದ ಮತ್ತೆ ಸಾಲಿಗೆ ತಳ್ಳು. ಸಂಜೆ ವಾಪಸ್ ತಳ್ಳು. ನಡುವೆ ರೆಕ್ಕೆಯ ತುದಿ ಹಿಡಿದು ನಿಲ್ಲು, ಬಾವುಟ ಬೀಸು, ಬಿದ್ದ ತಂತಿ ಎಳೆದು ತಾ. ಇಷ್ಟೆಲ್ಲ ಮಾಡಿ ಇಡೀ ದಿನ ಬಿಸಿಲಲ್ಲಿ ಬೆಂದರೆ ಸಿಗುತ್ತಿದ್ದದ್ದು ಒಂದೋ ಎರಡೋ ಹಾರಾಟ, ತಲಾ ಐದಾರು ನಿಮಿಷ. ಅದಕ್ಕೇ ಅರ್ಧ ಹುಡುಗರು ಎರಡನೇ ವಾರಕ್ಕೆ ನಾಪತ್ತೆ. ನಾನು ಉಳಿದದ್ದು ಹಟಕ್ಕೆ. ಅಮ್ಮನ ಮುಂದೆ ಸೋಲಬಾರದಿತ್ತಲ್ಲ.

ಮೇಲಕ್ಕೆ ಹೋಗೋದು ವಿಂಚ್‌ನಿಂದ. ಮೈದಾನದ ಆ ತುದಿಯಲ್ಲಿ ಒಂದು ದೊಡ್ಡ ಇಂಜಿನ್, ಅದಕ್ಕೊಂದು ಡ್ರಮ್, ಡ್ರಮ್ಮಿಗೆ ಸುತ್ತಿದ ಉಕ್ಕಿನ ತಂತಿ. ಈ ತುದಿಯಲ್ಲಿ ತಂತಿಯನ್ನು ಗ್ಲೈಡರ್ ಹೊಟ್ಟೆಯ ಕೊಂಡಿಗೆ ಸಿಕ್ಕಿಸುತ್ತಾರೆ. ಅಲ್ಲಿ ಡ್ರಮ್ ಸುತ್ತಿದರೆ ಇಲ್ಲಿ ಗ್ಲೈಡರ್ ಏರುತ್ತದೆ. ದಾರ ಹಿಡಿದು ಓಡುವ ಹುಡುಗನ ಗಾಳಿಪಟ ಏರಲ್ವಾ, ಅದೇ. ಗಾಳಿಗೆ ಮುಖ ಮಾಡಿಯೇ ಏರಬೇಕು. ಹಾಗಾಗಿ ಮುಂಗಾರಿನಲ್ಲಿ ಪಶ್ಚಿಮದ ಗಾಳಿಗೆ ವಿಂಚ್ ಒಂದು ತುದಿ, ಡಿಸೆಂಬರಿನ ಮೂಡಗಾಳಿಗೆ ಇನ್ನೊಂದು ತುದಿ. ವಿಂಚ್ ನಡೆಸುತ್ತಿದ್ದ ಹಿರಿಯರನ್ನು ನಾವೆಲ್ಲ ವಿಂಚಣ್ಣ ಅಂತಲೇ ಕರೆಯುತ್ತಿದ್ದೆವು. ಬೀಡಿ ಬಾಯಲ್ಲಿರುತ್ತಿತ್ತು, ಹಚ್ಚುತ್ತಿರಲಿಲ್ಲ.

ಆ ಏರುವ ಅರ್ಧ ನಿಮಿಷ ಇವತ್ತಿಗೂ ಮೈಯಲ್ಲಿದೆ. ಬೆಲ್ಟ್ ಬಿಗಿದು ಕೂತಿರುತ್ತೀರಿ. ಕೆಳಗಿನಿಂದ ಒಬ್ಬ "ಓಪನ್" ಅಂತಾನೆ. ನೀವು ತಂತಿಯ ಕೊಂಡಿ ಬಿಚ್ಚುವ ಗುಬುಟು ಎಳೆಯುತ್ತೀರಿ. "ಕ್ಲೋಸ್" ಅಂತಾನೆ, ಬಿಡುತ್ತೀರಿ. ಟಕ್ ಅಂತ ತಂತಿ ಕಚ್ಚಿಕೊಳ್ಳುತ್ತದೆ. ರೆಕ್ಕೆ ಎತ್ತಿ ಹಿಡಿದವನು ತಲೆಯಾಡಿಸುತ್ತಾನೆ. ಬಾವುಟ ಮೊದಲು ಸೊಂಟದ ಕೆಳಗೆ ತೂಗುತ್ತದೆ. ಹುಲ್ಲಿನಲ್ಲಿ ಸಡಿಲವಾಗಿ ಮಲಗಿದ್ದ ತಂತಿ ಹಾವಿನ ಹಾಗೆ ಸರಿದು ನೆಟ್ಟಗಾಗುತ್ತದೆ. ಆಮೇಲೆ ಬಾವುಟ ತಲೆಯ ಮೇಲೆ. ಬೆನ್ನಿಗೆ ಒಂದು ಒದೆ ಬೀಳುತ್ತದೆ. ಗಡಗಡ ಅನ್ನೋದು ಮೂರು ನಾಲ್ಕು ಸೆಕೆಂಡು. ಮತ್ತೆ ನೆಲ ಇಲ್ಲ. ಮೂಗು ಎಷ್ಟು ಮೇಲಕ್ಕೆ ಹೋಗುತ್ತದೆ ಅಂದರೆ ಎದುರಿಗೆ ಆಕಾಶ ಬಿಟ್ಟು ಏನೂ ಕಾಣಲ್ಲ. ಅಕ್ಕಪಕ್ಕ ನೋಡಿದರೆ ರೆಕ್ಕೆಯ ತುದಿಯಲ್ಲಿ ನೆಲ ಓರೆಯಾಗಿ ನೇತಾಡುತ್ತಿರುತ್ತದೆ. ಸುಮಾರು 800 ಅಡಿಯಲ್ಲಿ ಎಳೆತ ಕಮ್ಮಿಯಾಗುತ್ತದೆ. ಮೂಗು ಇಳಿಸಿ, ಗುಬುಟು ಎರಡು ಸಲ ಎಳೆಯಬೇಕು. ಒಂದು ಸಲಕ್ಕೆ ತಂತಿ ಬಿಟ್ಟಿರುತ್ತದೆ. ಎರಡನೆಯದು ಅನುಮಾನ ಪರಿಹಾರಕ್ಕೆ.

ಆಮೇಲೆ ನಿಶ್ಶಬ್ದ ಅಂತ ಜನ ಹೇಳ್ತಾರೆ. ಅದು ಪೂರ್ತಿ ಸುಳ್ಳು. ಸದ್ದು ಇರುತ್ತದೆ, ಗಾಳಿಯ ಸದ್ದು. ಅದನ್ನು ಕೇಳಿಸಿಕೊಳ್ಳುವುದೇ ಇಡೀ ವಿದ್ಯೆ ಅಂತ ಅರ್ಥವಾಗೋಕೆ ನನಗೆ ಎರಡು ತಿಂಗಳು ಹಿಡಿಯಿತು.

ನನ್ನ ರೋಗ ಏನೆಂದರೆ, ವೇಗದ ಮುಳ್ಳನ್ನು ಬಿಟ್ಟ ಕಣ್ಣಿನಿಂದ ನೋಡುತ್ತಾ ಕೂರುತ್ತಿದ್ದೆ. ಮುಳ್ಳು ಇಳಿದರೆ ಕೋಲು ಮುಂದೆ ನೂಕುತ್ತಿದ್ದೆ. ಮುಳ್ಳು ಜಾಸ್ತಿ ಏರಿತು ಅಂತ ಹಿಂದೆ ಎಳೆಯುತ್ತಿದ್ದೆ. ಮುಳ್ಳು ಯಾವಾಗಲೂ ಸ್ವಲ್ಪ ತಡವಾಗಿ ಹೇಳುತ್ತದೆ. ಅಷ್ಟರಲ್ಲಿ ಗ್ಲೈಡರ್ ಬೇರೆಯೇ ಕೆಲಸದಲ್ಲಿರುತ್ತದೆ. ಹೀಗೆ ಕಡಲಿನ ದೋಣಿಯ ಹಾಗೆ ಏಳುತ್ತಾ ಬೀಳುತ್ತಾ ಸುತ್ತು ಹಾಕಿ, ಸರ್‌ಗೆ ಹೊಟ್ಟೆ ತೊಳಸುವ ಹಾಗೆ ಮಾಡುತ್ತಿದ್ದೆ.

ಒಂದು ಬೆಳಗ್ಗೆ ಹತ್ತಿ ಕೂತರೆ ವೇಗದ ಗಡಿಯಾರವೇ ಇಲ್ಲ. ಸರ್ ಅದರ ಮೇಲೆ ಯಾರದ್ದೋ ಹಳೇ ಲಗ್ನಪತ್ರಿಕೆ ಕತ್ತರಿಸಿ ಟೇಪ್ ಹಾಕಿ ಅಂಟಿಸಿದ್ದರು. ಮುಳ್ಳಿನ ಜಾಗದಲ್ಲಿ ಗಣಪತಿ.

"ಸರ್, ವೇಗ ಹೇಗೆ ಗೊತ್ತಾಗುತ್ತೆ?"

"ದೇವ್ರು ಎರಡ ಕಿವಿ ಯಾಕ ಕೊಟ್ಟಾನ?"

ಮೇಲೆ ಹೋಗಿ ತಂತಿ ಬಿಟ್ಟ ಮೇಲೆ ಅವರೇ ಮೂಗನ್ನು ನಿಧಾನವಾಗಿ ಎತ್ತಿದರು. ಶ್ ಅನ್ನುತ್ತಿದ್ದ ಗಾಳಿ ಸಣ್ಣದಾಗುತ್ತಾ ಬಂತು. ಕೋಲು ಕೈಯಲ್ಲಿ ಸತ್ತ ಹಾಗೆ ಸಡಿಲವಾಯಿತು. ಸೀಟಿನ ಕೆಳಗೆ ಸಣ್ಣ ನಡುಕ.

"ಈಗ ಏನ್ ಕೇಳ್ತೈತಿ?"

"ಏನೂ ಇಲ್ಲ ಸರ್."

"ಏನೂ ಕೇಳವಲ್ದು ಅಂದ್ರ ಬೀಳಾಕತ್ತೀವಿ ಅಂತ ಅರ್ಥ."

ಹೇಳಿ ಮುಗಿಸುವಷ್ಟರಲ್ಲಿ ಮೂಗು ಧೊಪ್ಪನೆ ಕೆಳಕ್ಕೆ ಹೋಯಿತು. ಹೊಟ್ಟೆ ಬಾಯಿಗೆ ಬಂತು. ಅವರು ಕೋಲನ್ನು ಚೂರು ಮುಂದೆ ಬಿಟ್ಟರು. ಗಾಳಿ ಮತ್ತೆ ಶ್ ಅಂತ ಶುರುವಾಯಿತು. ಇದನ್ನೇ ಸ್ಟಾಲ್ ಅನ್ನೋದು. ಪುಸ್ತಕದಲ್ಲಿ ಓದಿ, ಚಿತ್ರ ಬಿಡಿಸಿ, ಪರೀಕ್ಷೆಯಲ್ಲಿ ಬರೆದಿದ್ದೆ. ಕಿವಿಗೆ ಗೊತ್ತಾದದ್ದು ಆ ದಿನ. ಮುಂದಿನ ಹದಿನೈದು ದಿನ ಗಣಪತಿಯನ್ನು ನೋಡುತ್ತಲೇ ಹಾರಿದೆ. ಎದುರಿನ ದಿಗಂತ ಮೂಗಿನಿಂದ ಇಷ್ಟು ಎತ್ತರದಲ್ಲಿದ್ದು, ಕಿವಿಯಲ್ಲಿ ಇಷ್ಟು ಸದ್ದಿದ್ದರೆ ಎಲ್ಲ ಸರಿ. ಕೈ ತಾನಾಗಿಯೇ ಸಡಿಲವಾಯಿತು. ಎಮ್ಮೆ ಬಾಲದ ಮಾತು ನಿಂತಿತು.

ಇಳಿಯುವುದರ ಬಗ್ಗೆ ಜಾಸ್ತಿ ಹೇಳಲ್ಲ. ನನ್ನದು ಕೊನೆಯವರೆಗೂ ಸಾಧಾರಣವೇ. ಒಂದು ಸಲ ನೆಲ ಇನ್ನೂ ಆಳೆತ್ತರ ಇದ್ದಾಗಲೇ ಮೂಗು ಎತ್ತಿ, ಮೇಲಿನಿಂದ ಅಕ್ಕಿಮೂಟೆ ಎಸೆದ ಹಾಗೆ ಇಳಿಸಿದೆ. ಸರ್ ಇಳಿದು ಸೊಂಟ ಹಿಡಿದುಕೊಂಡು ಒಂದು ಸುತ್ತು ನಡೆದು ಬಂದರು. ಆ ದಿನ ಬೈಯಲಿಲ್ಲ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ತಂತಿ ಹರಿದದ್ದು 30ನೇ ಹಾರಾಟದ ಆಸುಪಾಸು. ತಂತಿಯ ತುದಿಯಲ್ಲಿ ಬೇಕೆಂದೇ ಒಂದು ಬಲಹೀನ ಕೊಂಡಿ ಇಟ್ಟಿರುತ್ತಾರೆ. ಎಳೆತ ಮಿತಿ ಮೀರಿದರೆ ರೆಕ್ಕೆ ಮುರಿಯುವ ಬದಲು ಅದು ಹರಿಯಲಿ ಅಂತ. ನಾನು ಮೇಲೇರುವ ಉತ್ಸಾಹದಲ್ಲಿ ಕೋಲನ್ನು ಜಾಸ್ತಿ ಹಿಂದಕ್ಕೆ ಎಳೆದಿದ್ದೆ. ಸುಮಾರು 250 ಅಡಿಯಲ್ಲಿ ಪಟಾಕಿ ಹೊಡೆದ ಹಾಗೆ ಸದ್ದು. ಮೂಗು ಆಕಾಶಕ್ಕೆ, ಎಳೆಯುವವರು ಯಾರೂ ಇಲ್ಲ.

ಏನು ಮಾಡಬೇಕು ಅಂತ ನೂರು ಸಲ ಬಾಯಿಪಾಠ ಮಾಡಿದ್ದೆ. ಮೊದಲು ಮೂಗು ಕೆಳಗೆ, ದಿಗಂತಕ್ಕಿಂತ ಕೆಳಗೆ. ವೇಗ ಬರುವವರೆಗೆ ಕಾಯಬೇಕು. ಉಳಿದ ತಂತಿ ಬಿಡಬೇಕು. ಆಮೇಲಷ್ಟೇ ನೇರ ಇಳಿಯೋದೋ ತಿರುಗೋದೋ ಅನ್ನುವ ಯೋಚನೆ. ಆ ಕ್ಷಣಕ್ಕೆ ಇದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ಕಿವಿಯಲ್ಲಿ ಸದ್ದು ಸಾಯುತ್ತಿತ್ತು, ಅಷ್ಟೇ ಗೊತ್ತಾಗಿದ್ದು. ಕೈ ಕೋಲನ್ನು ಮುಂದೆ ನೂಕಿಬಿಟ್ಟಿತ್ತು. ಎದುರಿಗೆ ಹುಲ್ಲು ತುಂಬಿಕೊಂಡಿತು. ಮೂಗು ಕೆಳಗಿದೆಯಲ್ಲ, ಇನ್ನೇನು ಎಳೆದುಬಿಡೋಣ ಅಂತ ಕೈ ತುರಿಸುತ್ತದೆ. ಅಲ್ಲೇ ಮೋಸ. ವೇಗ ಇನ್ನೂ ಬಂದಿರುವುದಿಲ್ಲ. ಶ್ ಅನ್ನೋದು ಸರಿಯಾಗಿ ಕೇಳಿಸುವವರೆಗೆ ಹಾಗೇ ಹಿಡಿದೆ. ಗುಬುಟು ಎರಡು ಸಲ ಎಳೆದೆ. ಮುಂದೆ ಬೇಕಾದಷ್ಟು ಜಾಗ ಇತ್ತು, ನೇರ ಇಳಿದೆವು. ನಿಂತ ಮೇಲೆ ಪಕ್ಕಕ್ಕೆ ತಿರುಗಿದರೆ ಸರ್ ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು.

ವಿಂಚಣ್ಣನ ಹತ್ತಿರ ಹೋಗಿ "ತಂತಿ ಹರೀತಲ್ಲಣ್ಣಾ" ಅಂದೆ. "ತಂತಿ ತಾನಾಗಿ ಹರೀಲಿಲ್ಲ. ನೀನು ಹರಿದೆ" ಅಂದರು, ಹಚ್ಚದ ಬೀಡಿ ತೆಗೆಯದೆ.

ಹದ್ದುಗಳ ವಿಷಯ ಹೇಳದಿದ್ದರೆ ಅನ್ಯಾಯ. ಮಧ್ಯಾಹ್ನ ಬಿಸಿಲಿಗೆ ನೆಲ ಕಾದು ಬಿಸಿಗಾಳಿ ಮೇಲೇಳುತ್ತದೆ. ನಮಗದು ಕಾಣಲ್ಲ, ಹದ್ದಿಗೆ ಗೊತ್ತು. ಒಂದು ದಿನ ಜಕ್ಕೂರು ಕೆರೆಯ ಕಡೆ ನಾಲ್ಕೈದು ಹದ್ದು ರೆಕ್ಕೆ ಬಡಿಯದೆ ಸುತ್ತುತ್ತಿದ್ದವು. "ಅವು ಪುಗಸಟ್ಟೆ ಹತ್ತಾಕತ್ತಾವ, ನಡಿ" ಅಂದರು ಸರ್. ಸೀಟು ಕೆಳಗಿನಿಂದ ಯಾರೋ ಮೊಣಕಾಲಲ್ಲಿ ನೂಕಿದ ಹಾಗಾಯಿತು. ಏರಿಳಿತದ ಮುಳ್ಳು ಮೇಲಕ್ಕೆ ಹೋಯಿತು. ಸುತ್ತುತ್ತಾ ಸುತ್ತುತ್ತಾ 200 ಅಡಿ ಮೇಲೇರಿದೆವು. ದೂರದಲ್ಲಿ ನಂದಿ ಬೆಟ್ಟ ನೀಲಿಯಾಗಿ ಕಂಡಿತು. ಒಂದು ಹದ್ದು ರೆಕ್ಕೆಯ ತುದಿಯ ಹತ್ತಿರವೇ ಬಂದು, ತಲೆ ಓರೆ ಮಾಡಿ ನಮ್ಮನ್ನು ನೋಡಿ, ಬೇಸರ ಬಂದ ಹಾಗೆ ಆಚೆ ಹೋಯಿತು. ಆ ಹಾರಾಟ 14 ನಿಮಿಷ. ಸಾಲಿನಲ್ಲಿ ಕಾಯುತ್ತಿದ್ದ ಹುಡುಗರು ಇಳಿದ ಮೇಲೆ ನನ್ನನ್ನು ತಿನ್ನುವ ಹಾಗೆ ನೋಡಿದರು.

ಈಗಿನ ಏರ್ ವಿಂಗ್ ಹುಡುಗರು ಇಂಜಿನ್ ಇರುವ ಮೈಕ್ರೋಲೈಟಿನಲ್ಲಿ ಹಾರುತ್ತಾರೆ. ಒಳ್ಳೆಯದೇ, ತಳ್ಳುವ ಕೆಲಸ ಕಮ್ಮಿ. ಆದರೆ ಇಂಜಿನ್ ಸದ್ದಿನಲ್ಲಿ ಗಾಳಿ ಏನು ಹೇಳ್ತಿದೆ ಅಂತ ಹೇಗೆ ಕೇಳಿಸಿಕೊಳ್ತಾರೋ ಅಂತ ನನಗೆ ಅನುಮಾನ. ಮುದುಕರ ಗೊಣಗಾಟ ಅಂದುಕೊಳ್ಳಿ.

ಸೋಲೋ, ಅಂದರೆ ಒಬ್ಬನೇ ಹಾರುವ ಸರದಿ, ಬಂದದ್ದು 43ನೇ ಹಾರಾಟಕ್ಕೆ, ಮೊದಲೇ ಹೇಳದೆ ಕೇಳದೆ. ಬೆಳಗ್ಗೆ ಎರಡು ಸುತ್ತು ಹಾಕಿ ಇಳಿದಾಗ ಸರ್ ಬೆಲ್ಟ್ ಬಿಚ್ಚಿ ಕೆಳಗಿಳಿದರು. ಖಾಲಿ ಸೀಟಿನ ಬೆಲ್ಟುಗಳು ಕೋಲಿಗೆ ಸಿಕ್ಕಿಕೊಳ್ಳದಂತೆ ಬಿಗಿದು ಕಟ್ಟಿದರು. ಲಗ್ನಪತ್ರಿಕೆ ಕಿತ್ತು ಜೇಬಿಗೆ ಹಾಕಿಕೊಂಡರು. "ಹೋಗಿ ಬಾ. ನಾ ಚಾ ಕುಡೀತೀನಿ" ಅಂದರು.

ಒಬ್ಬರ ಭಾರ ಇಲ್ಲದ ರೋಹಿಣಿ ಬೇರೆಯೇ ಪ್ರಾಣಿ. ಎಗರಿಕೊಂಡು ಹೋಯಿತು. ತಂತಿ ಬಿಟ್ಟಾಗ ಯಾವತ್ತಿಗಿಂತ 100 ಅಡಿ ಜಾಸ್ತಿ ಇತ್ತು. ಪಕ್ಕದ ಸೀಟು ನೋಡಿದೆ. ಬೈಯೋಕೆ ಯಾರೂ ಇಲ್ಲ. ಆಗ ಕೇಳಿಸಿತು: ಕೆಳಗೆ ಊರಿನಲ್ಲಿ ಯಾವುದೋ ಮದುವೆಯ ಮೈಕಿನ ಓಲಗ, ಒಂದು ನಾಯಿ, ಎಲ್ಲೋ ಬಟ್ಟೆ ಒಗೆಯುವ ಸದ್ದು. ಸರ್ ಇದ್ದಾಗ ಇವೆಲ್ಲ ಎಲ್ಲಿ ಹೋಗಿದ್ದವೋ. ತಿರುಗಿಸಿದೆ, ಇನ್ನೊಮ್ಮೆ ತಿರುಗಿಸಿದೆ, ಇಳಿದೆ. ಸ್ವಲ್ಪ ಪುಟಿಯಿತು. ಸರ್ ಚಾ ಕುಡಿಯುತ್ತಿರಲಿಲ್ಲ. ಹುಲ್ಲಿನಲ್ಲಿ ನಿಂತಿದ್ದರು, ಲೋಟ ಕೈಯಲ್ಲೇ ಇತ್ತು, ತುಂಬಿದ್ದು ತುಂಬಿದ ಹಾಗೇ.

ಲಾಗ್ ಪುಸ್ತಕದಲ್ಲಿ 6 ನಿಮಿಷ ಅಂತ ಬರೆದುಕೊಂಡು, ಮುಂದಿನವನಿಗೆ ಗ್ಲೈಡರ್ ತಳ್ಳಿಕೊಟ್ಟು, ಸಂಜೆ ಮನೆಗೆ ಬಂದೆ. ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ.

"ಅಮ್ಮಾ, ಇವತ್ತು ಒಬ್ಬನೇ ಹೋಗಿ ಬಂದೆ."

"ಎಲ್ಲಿಗೆ?"

ಯೋಚಿಸಿದೆ. "ಎಲ್ಲಿಗೂ ಇಲ್ಲ. ಹತ್ತಿದ ಕಡೆಗೇ ಬಂದು ಇಳಿದೆ."

ಅಮ್ಮ ಒಂದು ನಿಮಿಷ ನನ್ನ ಮುಖ ನೋಡಿ, ಕೇಳದೆಯೇ ಇನ್ನೊಂದು ಸೌಟು ಸಾರು ಬಡಿಸಿದರು.