ಫಿಸಿಕ್ಸ್ ಡಿಗ್ರಿಯಿಂದ ಸ್ವಂತ ಟೆಕ್ ಕಂಪನಿವರೆಗೆ: ರಾಯಚೂರು ಕಡೆಯ ಹುಡುಗ ಹುಡುಗಿಯರಿಗೆ

ಬಿಎಸ್ಸಿ ಫಿಸಿಕ್ಸ್ ಅಂದ ಕೂಡಲೇ ನಮ್ಮ ಕಡೆ ಎಲ್ಲರೂ ಹೇಳೋದು ಒಂದೇ: ಬಿಎಡ್ ಮಾಡು, ಕೆಪಿಎಸ್ಸಿ ಬರಿ, ಇಲ್ಲಾಂದ್ರೆ ಬೆಂಗಳೂರಿಗೆ ಹೋಗಿ ಕೋಡಿಂಗ್ ಕಲಿ. ಕಂಪನಿ ಕಟ್ಟು ಅಂತ ಯಾರೂ ಹೇಳಲ್ಲ. ಆದರೆ 1968ರಲ್ಲಿ ಚಿಪ್ ಕಂಪನಿ ಇಂಟೆಲ್ ಶುರು ಮಾಡಿದ ಇಬ್ಬರಲ್ಲಿ ರಾಬರ್ಟ್ ನಾಯ್ಸ್ ಫಿಸಿಕ್ಸ್ ಓದಿದವರು, ಗಾರ್ಡನ್ ಮೂರ್ ಕೆಮಿಸ್ಟ್ರಿಯವರು. ನಾಯ್ಸ್ ಪಿಎಚ್‌ಡಿ ಮುಗಿಸಿದ್ದು 1953ರಲ್ಲಿ, ಅಂದರೆ ಇಂಟೆಲ್‌ಗೂ ಹದಿನೈದು ವರ್ಷ ಮೊದಲು. ಹಾಗಾಗಿ ಅವಸರ ಬೇಡ.

ಡಿಗ್ರಿ ಇರುವಾಗಲೇ ಪ್ರಾಕ್ಟಿಕಲ್ಸ್ ಸರಿಯಾಗಿ ಮಾಡಿ. ಸೀನಿಯರ್ ರೆಕಾರ್ಡ್ ನೋಡಿ ರೀಡಿಂಗ್ ಬರೆಯೋ ಅಭ್ಯಾಸ ಎಲ್ಲ ಕಾಲೇಜಲ್ಲೂ ಇದೆ, ಅಲ್ವಾ? ಅದನ್ನು ಬಿಡಿ. ಮಾರ್ಕೆಟ್‌ನಲ್ಲಿ ನಿಮ್ಮ ಬಂಡವಾಳ ಅಂದರೆ ಅಳೆಯೋದು, ಆ ಅಳತೆಯಲ್ಲಿ ಎಷ್ಟು ತಪ್ಪಿರಬಹುದು ಅಂತ ಹೇಳೋದು. ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಇದು ಅಷ್ಟು ಸುಲಭವಾಗಿ ಬರಲ್ಲ. ಜೊತೆಗೆ ಪೈಥಾನ್, ಸ್ವಲ್ಪ ಎಲೆಕ್ಟ್ರಾನಿಕ್ಸ್, ಬೆಸುಗೆ ಹಾಕೋದು, ಕಿಕ್ಯಾಡ್‌ನಲ್ಲಿ ಸರ್ಕ್ಯೂಟ್ ಬೋರ್ಡ್ ಡಿಸೈನ್ ಕಲಿಯಿರಿ, ಆ ಸಾಫ್ಟ್‌ವೇರ್ ಫ್ರೀ. ಎಂಎಸ್ಸಿ ಮಾಡೋ ಆಸೆ ಇದ್ದರೆ ಐಐಟಿ ಜಾಮ್ ಅನ್ನೋ ಪ್ರವೇಶ ಪರೀಕ್ಷೆ ಬರೆಯಿರಿ. ಆಮೇಲೆ ಒಂದೆರಡು ವರ್ಷ ಯಂತ್ರ ತಯಾರಿಸೋ ಕಡೆ ಕೆಲಸ ಮಾಡಿ. ಸಂಬಳ ಕಡಿಮೆ ಇದ್ದರೂ ಪರವಾಗಿಲ್ಲ.

ಈಗ ಐಡಿಯಾ. ಅದನ್ನು ಹುಡುಕೋಕೆ ಸಿಂಧನೂರಿನ ಯಾವುದಾದರೂ ರೈಸ್ ಮಿಲ್ ಮುಂದೆ ಸುಗ್ಗಿ ಟೈಮಲ್ಲಿ ಅರ್ಧ ದಿನ ನಿಂತರೆ ಸಾಕು. ಟ್ರಾಕ್ಟರ್ ಬರುತ್ತೆ, ಮಿಲ್‌ನವರು ಒಂದು ಹಿಡಿ ನೆಲ್ಲು ತೆಗೆದು ತೇವ ಅಳೆಯೋ ಮೀಟರ್‌ಗೆ ಹಾಕ್ತಾರೆ, "ಹಸಿ ಐತಿ ನೋಡಪ್ಪ" ಅಂತಾರೆ, ರೈತ ಒಪ್ಪಲ್ಲ. ಜಗಳ ಅಲ್ಲಿಂದ ಶುರು. ಬೆಂಬಲ ಬೆಲೆಗೆ ಕೊಳ್ಳುವ ಭತ್ತದಲ್ಲಿ ತೇವ 17 ಪರ್ಸೆಂಟ್ ದಾಟಬಾರದು. ಲೆಕ್ಕ ಹಾಕಿ: 20 ಪರ್ಸೆಂಟ್ ತೇವ ಇರೋ 75 ಕೆಜಿ ಚೀಲದಲ್ಲಿ ಒಣ ಕಾಳು 60 ಕೆಜಿ, ಅದು 17ಕ್ಕೆ ಒಣಗಿದರೆ ಚೀಲ ಸುಮಾರು 72.3 ಕೆಜಿಗೆ ಇಳಿಯುತ್ತೆ. ಆ ಎರಡೂ ಮುಕ್ಕಾಲು ಕೆಜಿ ಯಾರ ಲೆಕ್ಕಕ್ಕೆ ಅನ್ನೋದೇ ಜಗಳ. ಇಬ್ಬರೂ ನಂಬೋ ಮೀಟರ್ ಮಾಡೋದೇ ನಿಮ್ಮ ಐಡಿಯಾ.

ಈ ಮೀಟರ್‌ಗಳಲ್ಲಿ ಹೆಚ್ಚಿನವು ಒಳಗೆ ಒಂದು ಕೆಪಾಸಿಟರ್ ಅಷ್ಟೇ. ಕೆಪಾಸಿಟರ್ ಎಷ್ಟು ಚಾರ್ಜ್ ಹಿಡಿಯುತ್ತೆ (ಅದೇ ಕೆಪಾಸಿಟೆನ್ಸ್) ಅನ್ನೋದು ಒಳಗಿರೋ ವಸ್ತುವಿನ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ ಮೇಲೆ ನಿಂತಿದೆ. ನೀರಿನದು ಸುಮಾರು 80, ಒಣ ಕಾಳಿನದು ಒಂದಂಕಿ, ಹಾಗಾಗಿ ತೇವ ಏರಿದಷ್ಟೂ ಕೆಪಾಸಿಟೆನ್ಸ್ ಏರುತ್ತೆ. ಪಿಯುಸಿ ಪಾಠ! ಆದರೆ ನಮ್ಮ ಬಿಸಿಲಲ್ಲಿ ಬೆಳಗಿನ ರೀಡಿಂಗ್ ಬೇರೆ, ಮಧ್ಯಾಹ್ನದ್ದು ಬೇರೆ. ಕಾಳನ್ನು ಒತ್ತಿ ತುಂಬಿದರೆ ಇನ್ನೂ ಬೇರೆ. ಸೋನಾ ಮಸೂರಿಗೆ ಹೊಂದಿಸಿದ್ದು ಬೇರೆ ತಳಿಗೆ ಸರಿ ಬರಬೇಕು ಅಂತಿಲ್ಲ. ಮೀಟರ್ ನಡೆಸೋಕೆ ಇಎಸ್‌ಪಿ32 ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡ್ ಅಗ್ಗ ಅಂತ ಅದರದ್ದೇ ಎಡಿಸಿ (ವೋಲ್ಟೇಜನ್ನು ಅಂಕಿ ಮಾಡೋ ಭಾಗ) ನಂಬಬೇಡಿ, ಅದು ನೇರ ಗೆರೆಯಲ್ಲಿ ಅಳೆಯಲ್ಲ. ಕೃಷಿ ವಿಶ್ವವಿದ್ಯಾಲಯ ರಾಯಚೂರಿನಲ್ಲೇ ಇದೆ, ಅಲ್ಲಿನ ಪ್ರೊಸೆಸಿಂಗ್ ವಿಭಾಗದ ಮೇಷ್ಟ್ರನ್ನು ಕೇಳಿ, ಅದೇ ಕಾಳನ್ನು ಓವನ್‌ನಲ್ಲಿ ಒಣಗಿಸಿ ತೂಕ ನೋಡಿ, ನಿಮ್ಮ ಮೀಟರ್ ಜೊತೆ ತಾಳೆ ಹಾಕಿ. ಬೇಜಾರಿನ ಕೆಲಸ. ಬೇರೆಯವರು ಇದನ್ನು ಬೇಗ ಕದಿಯೋಕೆ ಆಗದೇ ಇರೋದೂ ಅದಕ್ಕೇ.

ಮೊದಲ ಪೀಸ್‌ಗಳನ್ನು ಸುಮ್ನೆ ಕೊಡಬೇಡಿ. ಸ್ವಲ್ಪವಾದರೂ ದುಡ್ಡು ತಗೊಳ್ಳಿ, ಆಗಲೇ ಸಾವಕಾರ್ರು ಫೋನ್ ಮಾಡಿ ಬೈತಾರೆ, ನಿಮಗೆ ಬೇಕಾಗಿರೋದೂ ಅದೇ. ದಲಾಲಿ ಅಂಗಡಿಗಳಲ್ಲಿ ಉದ್ರಿ ಮಾತಾಡೋ ಧೈರ್ಯ ಇಲ್ಲದಿದ್ದರೆ ಬಿಕಾಂ ಓದಿದ ಗೆಳೆಯನನ್ನೋ ಗೆಳತಿಯನ್ನೋ ಪಾಲುದಾರರಾಗಿ ಮಾಡಿಕೊಳ್ಳಿ. ಪಾಲು ಎಷ್ಟೆಷ್ಟು, ವರ್ಷದೊಳಗೆ ಬಿಟ್ಟು ಹೋದರೆ ಏನು ಅನ್ನೋದನ್ನು ಸ್ನೇಹ ಚೆನ್ನಾಗಿರುವಾಗಲೇ ಕಾಗದದ ಮೇಲೆ ಬರೆಯಿರಿ.

ನಾಲ್ಕು ಜನ ದುಡ್ಡು ಕೊಟ್ಟು ಕೊಂಡ ಮೇಲೆ ಕಂಪನಿ ರಿಜಿಸ್ಟರ್ ಮಾಡಿಸಿ. ಪ್ರೈವೇಟ್ ಲಿಮಿಟೆಡ್‌ಗೆ ಕನಿಷ್ಠ ಇಬ್ಬರು ಡೈರೆಕ್ಟರ್ ಬೇಕು, ಇಷ್ಟೇ ಬಂಡವಾಳ ಇರಬೇಕು ಅನ್ನೋ ನಿಯಮ 2015ರಲ್ಲೇ ಹೋಯ್ತು. ದುಡ್ಡಿಗೆ ಮೊದಲು ಸರ್ಕಾರದ ಗ್ರ್ಯಾಂಟ್ ನೋಡಿ. ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್‌ನಲ್ಲಿ ಪ್ರೋಟೊಟೈಪ್ ಹಂತಕ್ಕೆ 20 ಲಕ್ಷದವರೆಗೆ, ಕರ್ನಾಟಕ ಸರ್ಕಾರದ ಸ್ಟಾರ್ಟಪ್ ಯೋಜನೆ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಸಿಗುತ್ತೆ, ಈಗ ಅರ್ಜಿ ತಗೊಳ್ತಿದ್ದಾರಾ ಅಂತ ಮೊದಲು ನೋಡಿಕೊಳ್ಳಿ. ಸೀಡ್ ಫಂಡ್ ಇನ್‌ಕ್ಯುಬೇಟರ್ (ಹೊಸ ಕಂಪನಿಗಳನ್ನು ಬೆಳೆಸೋ ಸಂಸ್ಥೆ) ಮೂಲಕವೇ ಬರೋದು, ಜೊತೆಗೆ ಅರ್ಜಿ ಹಾಕುವಾಗ ಕಂಪನಿಗೆ ಎರಡು ವರ್ಷ ದಾಟಿರಬಾರದು, ಹಾಗಾಗಿ ಜೋಶ್‌ನಲ್ಲಿ ಕಾಲೇಜಿನಲ್ಲೇ ಕಂಪನಿ ತೆಗೆದು ಸುಮ್ನೆ ಕೂತರೆ ಆ ಗಡುವು ಅಲ್ಲಿಗೇ ಮುಗಿದುಹೋಗುತ್ತೆ.

ಇನ್ನೊಂದು. ನಮ್ಮದು ಗಡಿ ಜಿಲ್ಲೆ, ಗಡಿ ದಾಟಿದರೆ ತೆಲಂಗಾಣ, ಅಲ್ಲೂ ನೆಲ್ಲು ಜಾಸ್ತಿ. ರಾಜ್ಯದೊಳಗೆ ಸಾಮಾನು ಮಾರೋರಿಗೆ ವಹಿವಾಟು 40 ಲಕ್ಷ ದಾಟೋವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ, ಆದರೆ ತೆಲಂಗಾಣದ ಗದ್ವಾಲಕ್ಕೆ ಒಂದೇ ಒಂದು ಮೀಟರ್ ಮಾರಿದರೂ ಬೇಕು. ಗಾಡಿ ಹತ್ತಿಸೋ ಮುಂಚೆಯೇ ಮಾಡಿಸಿಕೊಳ್ಳಿ.