ಬಾನಿ ಕೇಟ್: ಒಂದು ಐರಿಷ್ ರೀಲ್‌ನ ಜಾಡು ಹಿಡಿದು

ಡಬ್ಲಿನ್ನಿನ ಪಬ್‌ಗಳಲ್ಲಿ ಸಂಜೆ ಹೊತ್ತು ಪಿಟೀಲು, ಕೊಳಲು, ಅಕಾರ್ಡಿಯನ್ ಹಿಡಿದು ಜನ ಸೇರಿ ನುಡಿಸುತ್ತಾರೆ. ಅದಕ್ಕೆ ಸೆಷನ್ ಅಂತಾರೆ. ಯಾರ ಮುಂದೆಯೂ ಪುಸ್ತಕ ಇರುವುದಿಲ್ಲ. ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಪಾಠ ಆಗಿದ್ದ ನನಗೆ, ಕೇಳಿ ಕಲಿಯುವ ಈ ಪದ್ಧತಿ ಬೇಗ ಒಗ್ಗಿತು. ಅಲ್ಲೇ ಕೇಳಿದ ‘ಬಾನಿ ಕೇಟ್’ ಎಂಬ ರೀಲ್ (ವೇಗದ ಕುಣಿತದ ಮಟ್ಟು) ಮಾತ್ರ ಕಲಿತ ಮೇಲೂ ನನ್ನನ್ನು ಬಿಡಲಿಲ್ಲ. ಎಲ್ಲರೂ ಅದರ ಬೆನ್ನಿಗೇ ‘ಜೆನೀಸ್ ಚಿಕನ್ಸ್’ ನುಡಿಸುತ್ತಾರೆ. ಯಾಕೆ ಹೀಗೆ ಎಂದು ಕೇಳಿದರೆ ಹಿರಿಯ ಪಿಟೀಲುವಾದಕರೊಬ್ಬರು, ‘ಕೋಲ್ಮನ್ ಹಾಗೆ ನುಡಿಸಿದ್ದಾನಲ್ಲ’ ಎಂದರು. ಅವರ ಮಟ್ಟಿಗೆ ಉತ್ತರ ಅಲ್ಲಿಗೇ ಮುಗಿದಿತ್ತು. ಕೋಲ್ಮನ್‌ಗೆ ಅದು ಎಲ್ಲಿಂದ ಬಂತು ಎಂಬುದು ನನ್ನ ತಲೆಯಲ್ಲಿ ಕೂತಿತು.

ಇಂಥ ಹುಡುಕಾಟವನ್ನು ಕೊನೆಯಿಂದ ಹಿಂದಕ್ಕೆ ಮಾಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಹಾಗಾಗಿ ಮೊದಲು ಹಿಡಿದದ್ದು ಗ್ರಾಮಫೋನ್ ಪ್ಲೇಟನ್ನು. ಮೈಕೆಲ್ ಕೋಲ್ಮನ್ ಹುಟ್ಟಿದ್ದು 1891ರಲ್ಲಿ, ಐರ್ಲೆಂಡಿನ ಸ್ಲೈಗೋ ಕೌಂಟಿಯ ಕಿಲ್ಲಾವಿಲ್ ಕಡೆ. 1914ರಲ್ಲಿ ಅಮೆರಿಕಕ್ಕೆ ಹೋಗಿ, 1921ರಿಂದ ನ್ಯೂಯಾರ್ಕಿನಲ್ಲಿ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಪ್ಲೇಟುಗಳಿಗೆ ನುಡಿಸಿದ. 1945ರಲ್ಲಿ ಅಲ್ಲೇ ತೀರಿಕೊಂಡ. ಬಾನಿ ಕೇಟ್ ಮತ್ತು ಜೆನೀಸ್ ಚಿಕನ್ಸ್ ಜೋಡಿಯನ್ನು ಅವನು ಧ್ವನಿಮುದ್ರಿಸಿದ್ದು 1934ರಲ್ಲಿ, ಡೆಕ್ಕಾ ಕಂಪನಿಗೆ. ಅಮೆರಿಕದಲ್ಲಿ ಡೆಕ್ಕಾ ಶುರುವಾದದ್ದೂ ಅದೇ ವರ್ಷ. ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ ಪ್ಲೇಟೊಂದಕ್ಕೆ 35 ಸೆಂಟ್ ಬೆಲೆ ಇಟ್ಟು ಮಾರುಕಟ್ಟೆಗೆ ಇಳಿದ ಕಂಪನಿ ಅದು.

ಹತ್ತಿಂಚಿನ ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುವುದು ಹತ್ತಿರ ಹತ್ತಿರ ಮೂರು ನಿಮಿಷ. ರೀಲ್‌ಗೆ ಸಾಮಾನ್ಯವಾಗಿ ಎರಡು ಭಾಗ. ಒಂದೊಂದೂ ಎಂಟು ಬಾರ್ (ಬಾರ್ ಅಂದರೆ ತಾಳದ ಒಂದು ಅಳತೆ), ಒಂದೊಂದನ್ನೂ ಎರಡೆರಡು ಸಲ ನುಡಿಸಿದರೆ ಒಂದು ಸುತ್ತು. ಕುಣಿತದ ವೇಗದಲ್ಲಿ ಸುತ್ತೊಂದಕ್ಕೆ ಅರ್ಧ ನಿಮಿಷದ ಮೇಲೆ ಸ್ವಲ್ಪ. ಒಂದೇ ರೀಲ್‌ನಿಂದ ಮಗ್ಗುಲು ತುಂಬಿಸಿದರೆ ಏಕತಾನ ಅನಿಸೀತು. ಎರಡೋ ಮೂರೋ ಸೇರಿಸಿದರೆ ಸೊಗಸು. ಪ್ಲೇಟು ಸಮುದ್ರ ದಾಟಿ ಐರ್ಲೆಂಡಿನ ಹಳ್ಳಿಗಳಿಗೆ ಬಂದಾಗ ರೀಲ್‌ಗಳಷ್ಟೇ ಅಲ್ಲ, ಅವುಗಳ ಜೋಡಣೆಯೂ ಪಾಠವಾಗಿ ಬಂತು. ಈ ಜೋಡಿ ಕಿವಿಗೆ ಹಿತವಾಗಲು ಸಂಗೀತದ ಕಾರಣವೂ ಇದೆ. ಮೊದಲನೆಯದು ಡಿ ಮೇಜರ್, ಎರಡನೆಯದು ಬಿ ಮೈನರ್. ನಮ್ಮ ಲೆಕ್ಕದಲ್ಲಿ ಶಂಕರಾಭರಣದ ಧೈವತವನ್ನೇ ಷಡ್ಜ ಮಾಡಿಕೊಂಡು ಗ್ರಹಭೇದ ಮಾಡಿದ ಹಾಗೆ. ಆಧಾರ ಸರಿಯುತ್ತದೆ, ಬಣ್ಣ ಥಟ್ಟನೆ ಬದಲಾಗುತ್ತದೆ.

ಹಳೆಯ ಪ್ಲೇಟಿನಿಂದ ಸ್ವರ ಬರೆದುಕೊಳ್ಳುವಾಗ ಶ್ರುತಿಯ ಬಗ್ಗೆ ಎಚ್ಚರ ಬೇಕು. 78 ಅಂದ ಮಾತ್ರಕ್ಕೆ ಎಲ್ಲ ಪ್ಲೇಟುಗಳೂ ಕರಾರುವಾಕ್ಕಾಗಿ 78ರ ವೇಗದಲ್ಲೇ ಮುದ್ರಣ ಆಗಿಲ್ಲ. ತಿರುಗುವ ವೇಗ ಚೂರು ಹೆಚ್ಚಾದರೂ ಶ್ರುತಿ ಏರುತ್ತದೆ, ಲಯವೂ ಓಡುತ್ತದೆ. ನಾನು ಹಿನ್ನೆಲೆಯ ವಾದ್ಯವನ್ನು ಆಧಾರವಾಗಿ ಹಿಡಿದು ಕಂಪ್ಯೂಟರಿನಲ್ಲಿ ವೇಗ ಸರಿಪಡಿಸಿಕೊಂಡೆ. ಆಮೇಲೆ ಶ್ರುತಿ ಕೆಡದ ಹಾಗೆ ಅರ್ಧ ವೇಗಕ್ಕೆ ಇಳಿಸಿ ಒಂದೊಂದೇ ಬಾರ್ ಕೇಳಿದೆ. ಆಗ ಕಂಡದ್ದು ಕೋಲ್ಮನ್‌ನ ನಿಜವಾದ ಕೈಚಳಕ. ಇಲ್ಲಿನವರು ‘ರೋಲ್’ ಎನ್ನುವ ಅಲಂಕಾರದಲ್ಲಿ ಮೂಲ ಸ್ವರ, ಮೇಲಿನದು, ಮತ್ತೆ ಮೂಲ, ಕೆಳಗಿನದು, ಮತ್ತೆ ಮೂಲ, ಇಷ್ಟೂ ಒಂದೇ ಎಳೆತದಲ್ಲಿ ಬಂದುಬಿಡುತ್ತವೆ. ಮೊದಲ ಸುತ್ತಿನಲ್ಲಿ ರೋಲ್ ಬಂದ ಜಾಗದಲ್ಲಿ ಮುಂದಿನ ಸುತ್ತಿಗೆ ಮೂರು ಸ್ವರದ ಪುಟ್ಟ ಗೊಂಚಲು ಬರಬಹುದು. ಹೀಗಿರುವಾಗ ಯಾವ ಸುತ್ತನ್ನು ‘ಕೋಲ್ಮನ್ ಪಾಠ’ ಅಂತ ಬರೆಯುವುದು? ನಾನು ಎಲ್ಲ ಸುತ್ತುಗಳನ್ನೂ ಬೇರೆ ಬೇರೆಯಾಗಿಯೇ ಬರೆದಿಟ್ಟೆ.

ಮುದ್ರಿತ ಪುಸ್ತಕಗಳಿಗಾಗಿ ಮೆರಿಯನ್ ಸ್ಕ್ವೇರ್‌ನ 73ನೇ ನಂಬರಿನ ಕಟ್ಟಡಕ್ಕೆ ಹೋದೆ. 1987ರಲ್ಲಿ ಶುರುವಾದ ಐರಿಷ್ ಸಾಂಪ್ರದಾಯಿಕ ಸಂಗೀತದ ಪತ್ರಾಗಾರ ಅಲ್ಲಿದೆ. ಯಾರು ಬೇಕಾದರೂ ಹೋಗಿ ಕೂತು ಓದಬಹುದು, ಕೇಳಬಹುದು, ಕಾಸು ಕೊಡಬೇಕಿಲ್ಲ. ಇಂಥದೊಂದು ಜಾಗ ನಮ್ಮ ಊರುಗಳಲ್ಲೂ ಇರಬೇಕಿತ್ತು ಎಂದು ಹೋದಾಗಲೆಲ್ಲ ಅನಿಸುತ್ತದೆ. ಅಲ್ಲಿ ಎಲ್ಲರೂ ಮೊದಲು ತೆಗೆಯುವುದು ಫ್ರಾನ್ಸಿಸ್ ಓನೀಲ್ ಪುಸ್ತಕಗಳನ್ನು. ಕಾರ್ಕ್ ಕೌಂಟಿಯಲ್ಲಿ 1848ರಲ್ಲಿ ಹುಟ್ಟಿ ಶಿಕಾಗೋ ನಗರದ ಪೊಲೀಸ್ ಮುಖ್ಯಸ್ಥನಾದ ಮನುಷ್ಯ ಆತ. ಸ್ವರಲಿಪಿ ಬರೆಯಲು ಅವನಿಗೆ ಬಾರದು. ಅವನ ನೆನಪಿನಲ್ಲಿದ್ದುದನ್ನೂ ವಲಸೆ ಬಂದವರಿಂದ ಕೇಳಿದ್ದನ್ನೂ ಬರೆದುಕೊಂಡವನು ಜೇಮ್ಸ್ ಓನೀಲ್ ಎಂಬ ಪಿಟೀಲುವಾದಕ. 1903ರ ಸಂಗ್ರಹದಲ್ಲಿ 1850 ಮಟ್ಟುಗಳಿವೆ, 1907ರದರಲ್ಲಿ 1001. ಬಾನಿ ಕೇಟ್ ಅಲ್ಲಿ ಸಿಕ್ಕಿತು. ಪ್ಲೇಟಿನ ಪಕ್ಕದಲ್ಲಿಟ್ಟರೆ ಬರೀ ಮೈ ಅನಿಸುವಷ್ಟು ಸರಳ. ಆದರೆ ಶಿಕಾಗೋದವರು ಹಾಗೆ ಸಪ್ಪೆಯಾಗಿ ನುಡಿಸುತ್ತಿದ್ದರು ಎಂದು ಇದರಿಂದ ಹೇಳಲಾಗದು. ಪುಸ್ತಕ ಮಟ್ಟನ್ನು ಗುರುತು ಹಿಡಿಯಲು ಬೇಕಾದಷ್ಟನ್ನು ಮಾತ್ರ ಬರೆದಿಡುತ್ತದೆ. ದೀಕ್ಷಿತರ ಕೃತಿಯ ಬರಿಯ ಸ್ವರ ನೋಡಿ ಗಮಕ ಇರಲೇ ಇಲ್ಲ ಎಂದು ಯಾರೂ ಹೇಳುವುದಿಲ್ಲವಲ್ಲ.

ಅಲ್ಲಿಂದ ಹಿಂದಕ್ಕೆ ಹೋದರೆ ದಾರಿ ಐರ್ಲೆಂಡನ್ನೇ ಬಿಟ್ಟು ಸ್ಕಾಟ್ಲೆಂಡಿಗೆ ಹೊರಳುತ್ತದೆ. ಈ ರೀಲ್‌ನ ಮೂಲ ‘ದ ಬಾನಿ ಲಾಸ್ ಆಫ್ ಫಿಷರ್‌ರೋ’, ಅಂದರೆ ಫಿಷರ್‌ರೋದ ಚೆಲುವೆ. ಫಿಷರ್‌ರೋ ಎಡಿನ್‌ಬರೋದ ಪೂರ್ವಕ್ಕೆ, ಮಸಲ್‌ಬರೋದಲ್ಲಿರುವ ಮೀನುಗಾರರ ಬಂದರು. ಕಟ್ಟಿದವನು ಡೇನಿಯಲ್ ಡೌ; 1732ರಲ್ಲಿ ಹುಟ್ಟಿ 1783ರಲ್ಲಿ ತೀರಿಕೊಂಡ, ಎಡಿನ್‌ಬರೋದಲ್ಲಿ ಸಂಗೀತ ಪಾಠ ಹೇಳುತ್ತಿದ್ದವನು. ಆ ಕಾಲದ ಸ್ಕಾಟಿಷ್ ಸಂಗ್ರಹಗಳ ಬಹಳಷ್ಟು ಪುಟಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಸ್ಕ್ಯಾನ್ ಮಾಡಿ ಇಂಟರ್‌ನೆಟ್‌ನಲ್ಲಿ ಇಟ್ಟಿದೆ. ಅವುಗಳಲ್ಲಿ ಮಟ್ಟಿನ ಕೆಳಗೆ ಮಂದ್ರದ ಇನ್ನೊಂದು ಸಾಲು ಇರುವುದು ವಾಡಿಕೆ. ಮನೆಯ ಹಾರ್ಪ್ಸಿಕಾರ್ಡ್ (ಪಿಯಾನೋದಂಥ ಹಳೆಯ ವಾದ್ಯ) ಮುಂದೆ ಕೂರುವ ಶ್ರೀಮಂತರಿಗಾಗಿ ಅಚ್ಚಾದವು ಅವು.

ಕಟ್ಟಿದವನ ಹೆಸರು ಕಳೆದು, ಹುಡುಗಿಯ ಊರು ಹೋಗಿ ಅವಳಿಗೊಂದು ಹೆಸರು ಬಂದು, ಸ್ಕಾಟಿಷ್ ಮಟ್ಟು ಸ್ಲೈಗೋದ ಹೆಮ್ಮೆಯಾದದ್ದು ನನಗೆ ಬೇಸರದ ಸಂಗತಿಯಲ್ಲ. ‘ಗಾಡ್ ಸೇವ್ ದ ಕಿಂಗ್’ ಮಟ್ಟಿಗೆ ಮುತ್ತುಸ್ವಾಮಿ ದೀಕ್ಷಿತರು ಕೂರಿಸಿದ ‘ಸಂತತಂ ಪಾಹಿಮಾಂ’ ನೊಟ್ಟುಸ್ವರವನ್ನು ಭಕ್ತಿಯಿಂದಲೇ ಕಲಿತವನು ನಾನು.

ಹೋಲಿಸಿ ನೋಡಲು ಎಬಿಸಿ ಲಿಪಿ ಬಳಸಿದೆ. ಸ್ವರಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡುವ ಪದ್ಧತಿ ಅದು. ಡೌ, ಓನೀಲ್, ಕೋಲ್ಮನ್ ಪಾಠಗಳನ್ನು ಒಂದರ ಕೆಳಗೊಂದು, ಬಾರ್‌ಗೆ ಬಾರ್ ಹೊಂದಿಸಿ ಬರೆದೆ. ಹಳಗನ್ನಡ ಕಾವ್ಯದ ಸಂಪಾದಕರು ಓಲೆಗರಿಗಳ ಪಾಠಾಂತರ ನೋಡುವ ರೀತಿಯೇ ಇದು. ಬಲವಾದ ಮಾತ್ರೆಗಳ ಮೇಲೆ ಬೀಳುವ ಸ್ವರಗಳಿಗೆ ಹೆಚ್ಚು ಬೆಲೆ, ನಡುವೆ ಓಡುವ ಸ್ವರಗಳಿಗೆ ಕಡಿಮೆ.

ಹೆಸರನ್ನು ನಂಬಿ ಮಾತ್ರ ಹುಡುಕಬಾರದು. ಇಲ್ಲಿ ಒಂದೇ ಮಟ್ಟಿಗೆ ಹತ್ತಾರು ಹೆಸರು, ಒಂದೇ ಹೆಸರಿಗೆ ಹಲವು ಮಟ್ಟು. ಸಂಗ್ರಾಹಕ ಬ್ರೆಂಡಾನ್ ಬ್ರಾನಕ್ ಮಟ್ಟುಗಳ ಆರಂಭದ ಸ್ವರಗಳನ್ನೇ ಆಧಾರ ಮಾಡಿಕೊಂಡು ಕಾರ್ಡುಗಳ ಸೂಚಿ ಕಟ್ಟಿದ್ದು ಇದೇ ಕಾರಣಕ್ಕೆ.

ಇಷ್ಟಾದರೂ ಡೌ ಮತ್ತು ಕೋಲ್ಮನ್ ನಡುವಿನ ದಾರಿಯಲ್ಲಿ ಹೆಚ್ಚಿನ ಭಾಗ ಕಾಗದಕ್ಕೂ ಬರಲಿಲ್ಲ, ಪ್ಲೇಟಿಗೂ ಬರಲಿಲ್ಲ. ಕೋಲ್ಮನ್‌ನ ಅಣ್ಣ ಜಿಮ್ ಅವನಿಗಿಂತ ಚೆನ್ನಾಗಿ ನುಡಿಸುತ್ತಿದ್ದ ಎಂದು ಸ್ಲೈಗೋ ಕಡೆ ಹೇಳುತ್ತಾರೆ. ಜಿಮ್ ಊರಲ್ಲೇ ಉಳಿದ. ಅವನ ಧ್ವನಿಮುದ್ರಣ ಒಂದೂ ಇಲ್ಲ. ಆದ್ದರಿಂದ ನನ್ನ ಕಡತದಲ್ಲಿ ಯಾವ ಪಾಠದ ಎದುರಿಗೂ ‘ಶುದ್ಧ’ ಎಂದು ಬರೆದಿಲ್ಲ. ಯಾವ ವರ್ಷ, ಯಾವ ಊರು, ಅಚ್ಚೋ ಪ್ಲೇಟೋ, ಇಷ್ಟೇ ಇದೆ.

ಈಗ ಜೆನೀಸ್ ಚಿಕನ್ಸ್ ಸರದಿ. ಅದು ಸ್ಕಾಟ್ಲೆಂಡಿನ ‘ಸ್ಲೀಪಿ ಮ್ಯಾಗಿ’ಯ ಐರಿಷ್ ರೂಪ. ‘ಡ್ರೌಸಿ ಮ್ಯಾಗಿ’ ಎಂಬ ಇನ್ನೊಂದು ಜನಪ್ರಿಯ ರೀಲ್‌ಗೂ ಇದಕ್ಕೂ ಸಂಬಂಧವಿಲ್ಲದ್ದರಿಂದ, ಎರಡಕ್ಕೂ ಬೇರೆ ಬೇರೆ ಫೋಲ್ಡರ್ ಮಾಡಿ ಕೆಲಸ ಶುರುಮಾಡಿದ್ದೇನೆ.