ಫಾರ್ಮ್ ಒಂದು, ಹಾರ್ಡ್ ಕಾಪಿ ಸೆಟ್ಟು: ಕಸ್ಟಮ್ಸ್‌ಗೆ ಕೊಟ್ಟ ಮನವಿ ನಡಾವಳಿಗೆ ಬಂದದ್ದು ಹೇಗೆ

"ಕಸ್ಟಮ್ಸ್‌ಗೆ ಬರೆದರೆ ಏನೂ ಆಗಲ್ಲ ಸಾರ್, ಕೇಳಿದ ಪೇಪರ್ ಕೊಟ್ಟು ಮಾಲು ಬಿಡಿಸಿಕೊಳ್ಳಿ." ಸಿಎಚ್‌ಎ (ಕಸ್ಟಮ್ಸ್ ಕೆಲಸ ಮಾಡಿಕೊಡುವ ಏಜೆಂಟ್) ಕಡೆಯವರಿಂದ ಹಿಡಿದು ಸಂಘದ ಹಿರಿಯರವರೆಗೆ ಎಲ್ಲರೂ ಹೇಳಿದ್ದು ಇದನ್ನೇ. ಆದರೆ ಬರೆದದ್ದರಿಂದ ಕೆಲಸ ಆಯಿತು. ಮಾಲು ಬಿಡಿಸುವ ಬಂದರಿನ ಪಿಟಿಎಫ್‌ಸಿ (ಕಸ್ಟಮ್ಸ್‌ನವರೂ ವ್ಯಾಪಾರಿಗಳೂ ಕೂಡುವ ಕಾಯಂ ಸಮಿತಿ) ಸಭೆಯ ನಡಾವಳಿಯಲ್ಲಿ ಈಗ ಎರಡು ಸಾಲು ಇವೆ. ಒಂದು, ಕಾರಣ ದಾಖಲಿಸದೆ ಫಾರ್ಮ್ ಒಂದನ್ನು (ಮಾಲು ಯಾವ ದೇಶದ್ದು ಎಂದು ತೋರಿಸುವ ವಿವರಗಳ ನಮೂನೆ) ಕೇಳುವಂತಿಲ್ಲ. ಎರಡು, ಇ-ಸಂಚಿತ್‌ನಲ್ಲಿ (ಕಸ್ಟಮ್ಸ್‌ಗೆ ದಾಖಲೆ ಕೊಡುವ ಆನ್‌ಲೈನ್ ವ್ಯವಸ್ಥೆ) ಏರಿಸಿದ ದಾಖಲೆಗಳ ಹಾರ್ಡ್ ಕಾಪಿ ಸೆಟ್ಟನ್ನು ಮಾಲು ತಪಾಸಣೆಯ ಶೆಡ್‌ನಲ್ಲಿ ಕೇಳುವಂತಿಲ್ಲ. ಇದಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಮೊದಲ ಎಂಟು ತಿಂಗಳು ಪೂರ್ತಿ ವ್ಯರ್ಥ.

ಹಿನ್ನೆಲೆ ಚುಟುಕಾಗಿ. ನಮ್ಮದು ಪೀಣ್ಯದ ಘಟಕಗಳಿಗೆ ವಾಲ್ವ್, ಬೇರಿಂಗ್, ಫಿಟ್ಟಿಂಗ್ ತರಿಸುವ ವಹಿವಾಟು. ಹೆಚ್ಚಿನದು ಥಾಯ್ಲೆಂಡ್‌ನಿಂದ, ಆಸಿಯಾನ್ ವ್ಯಾಪಾರ ಒಪ್ಪಂದದ ಸುಂಕ ರಿಯಾಯಿತಿಯಲ್ಲಿ. 7.5% ಸುಂಕದ ಮಾಲು 20 ಲಕ್ಷದ್ದಾದರೆ ಸುಂಕ ಒಂದೂವರೆ ಲಕ್ಷ, ಅದರ ಮೇಲೆ ಸಮಾಜ ಕಲ್ಯಾಣ ಸರ್ಚಾರ್ಜ್ 15 ಸಾವಿರ. ಐಜಿಎಸ್‌ಟಿ ಕ್ರೆಡಿಟ್‌ನಲ್ಲಿ ವಾಪಸ್ ಬರುತ್ತದೆ, ಈ ಎರಡು ಬರುವುದಿಲ್ಲ. ಹಾಗಾಗಿ ರಿಯಾಯಿತಿ ಬಿಟ್ಟುಬಿಡಿ ಎನ್ನುವ ಸಲಹೆ ಲೆಕ್ಕಕ್ಕೆ ಕೂರುವುದಿಲ್ಲ.

ಸಮಸ್ಯೆ ಕ್ಯಾರೊಟಾರ್ (ರಿಯಾಯಿತಿ ಕೇಳುವ ಮಾಲಿನ ಮೂಲ ದೇಶ ಪರಿಶೀಲಿಸುವ) ನಿಯಮದ್ದಲ್ಲ, ಅದನ್ನು ನಡೆಸುವ ರೀತಿಯದು. 2020ರ ಸೆಪ್ಟೆಂಬರ್ 21ರಿಂದ ಜಾರಿಯಲ್ಲಿರುವ ಆ ನಿಯಮಗಳಲ್ಲಿ 4ನೆಯದು ಫಾರ್ಮ್ ಒಂದರ ಮಾಹಿತಿ ಆಮದುದಾರನ ಕೈಯಲ್ಲಿರಬೇಕು, ಐದು ವರ್ಷ ಕಾಪಿಡಬೇಕು, ಕೇಳಿದಾಗ ಕೊಡಬೇಕು ಎನ್ನುತ್ತದೆ. 5ನೆಯದು ಅಧಿಕಾರಿಗೆ ಮೂಲದ ಬಗ್ಗೆ ಸಂಶಯಕ್ಕೆ ಕಾರಣ ಕಂಡರೆ ಕೇಳಬಹುದು, ಆಮದುದಾರ 10 ಕೆಲಸದ ದಿನಗಳಲ್ಲಿ ಕೊಡಬೇಕು ಎನ್ನುತ್ತದೆ. ನಡೆಯುತ್ತಿದ್ದುದು ಬೇರೆ. ಸಿಓಓ (ಮೂಲದ ಪ್ರಮಾಣಪತ್ರ) ಇರುವ ಪ್ರತಿ ಬಿಇಗೂ (ಬಿಲ್ ಆಫ್ ಎಂಟ್ರಿ, ಆಮದಿನ ಘೋಷಣೆ) ಫಾರ್ಮ್ ಒಂದು ಪೂರ್ತಿ ತುಂಬಿ ಏರಿಸಿ ಎಂಬ ಕ್ವೆರಿ (ಅಧಿಕಾರಿಯ ಪ್ರಶ್ನೆ) ಬರುತ್ತಿತ್ತು. ಅದರ ಮೂರನೇ ಭಾಗದಲ್ಲಿ ತಯಾರಿಕೆಯ ಹಂತ, ಕಚ್ಚಾ ಮಾಲಿನ ಮೂಲ, ಮೌಲ್ಯವರ್ಧನೆಯ ಲೆಕ್ಕ ಎಲ್ಲ ಬರುತ್ತದೆ. ಸಪ್ಲೈಯರ್ ಅದನ್ನು ಒಮ್ಮೆ ಕೊಟ್ಟಾನು, ಪ್ರತಿ ಇನ್‌ವಾಯ್ಸ್‌ಗೂ ಕೊಡುವುದಿಲ್ಲ.

ಮೊದಲ ಮನವಿ ಬಿದ್ದುಹೋಯಿತು. ಹನ್ನೊಂದು ಪುಟ, ಹದಿನೇಳು ಬೇಡಿಕೆ. ಸರ್ವರ್ ನಿಧಾನ ಎನ್ನುವುದೂ ಅದರಲ್ಲೇ, ಬಿಇ ತಡವಾದರೆ ಹಾಕುವ ದಂಡ ಕಡಿಮೆ ಮಾಡಿ ಎನ್ನುವುದೂ ಅದರಲ್ಲೇ, ಫಾರ್ಮ್ ಒಂದೂ ಅದರಲ್ಲೇ. ಕಮಿಷನರ್‌ಗೂ ದೆಹಲಿಯ ಕಸ್ಟಮ್ಸ್ ಮಂಡಳಿಗೂ ಒಂದೇ ಪ್ರತಿ ಹೋಯಿತು. ಮೂರು ತಿಂಗಳ ಮೇಲೆ ಒಂದು ಸಾಲಿನ ಉತ್ತರ: ಗಮನಿಸಲಾಗಿದೆ, ಸಂಬಂಧಪಟ್ಟವರಿಗೆ ರವಾನಿಸಲಾಗಿದೆ. ಎರಡನೇ ಸಲ ಬೇಡಿಕೆ ಐದಕ್ಕೆ ಇಳಿಯಿತು, ಭಾಷೆ ಖಾರವಾಯಿತು, ಅಂಕಿ ಮಾತ್ರ ಇರಲಿಲ್ಲ. ಸಭೆಯಲ್ಲಿ ಬಂದ ಮರುಪ್ರಶ್ನೆ ಒಂದೇ: ಯಾವ ಬಿಇ, ಯಾವ ದಿನ? ಕೈಯಲ್ಲಿ ಪಟ್ಟಿ ಇರಲಿಲ್ಲ. ವಿಷಯ ಅಲ್ಲಿಗೆ ಮುಚ್ಚಿತು.

ಆಮೇಲೆ ಮಾಡಿದ ಕೆಲಸವೇ ಮುಖ್ಯ. ಬೇಡಿಕೆಗಳನ್ನು ಮೂರು ಗುಡ್ಡೆ ಮಾಡಿದೆವು. ಕಾನೂನೇ ಬದಲಾಗಬೇಕಾದ್ದು ಒಂದು, ಕಂಪ್ಯೂಟರ್ ವ್ಯವಸ್ಥೆಯದ್ದು ಇನ್ನೊಂದು, ಸ್ಥಳೀಯ ರೂಢಿಯದ್ದು ಮೂರನೆಯದು. ಹಡಗು ಬರುವ ಹಿಂದಿನ ದಿನದೊಳಗೆ ಬಿಇ ಹಾಕಬೇಕು ಎನ್ನುವುದು 2021ರ ತಿದ್ದುಪಡಿಯಿಂದ ಬಂದ ಕಾನೂನು. ತಪ್ಪಿದರೆ ಮೊದಲ ಮೂರು ದಿನ ದಿನಕ್ಕೆ 5,000, ನಂತರ ದಿನಕ್ಕೆ 10,000. ಬಾಂಗ್ಲಾದೇಶ, ಮಾಲ್ಡೀವ್ಸ್, ಮ್ಯಾನ್ಮಾರ್, ಪಾಕಿಸ್ತಾನ, ಶ್ರೀಲಂಕಾದ ಹಡಗಿಗೆ ಮಾತ್ರ ಬಂದ ದಿನದ ಕೊನೆಯವರೆಗೆ ಸಮಯ. ಥಾಯ್ಲೆಂಡ್ ಆ ಪಟ್ಟಿಯಲ್ಲಿ ಇಲ್ಲ. ಇದನ್ನು ಬಂದರಿನ ಕಮಿಷನರ್ ಬದಲಿಸಲಾರರು. ಅವರ ಮುಂದೆ ಇಟ್ಟರೆ ಅವರ ಕೈಯಲ್ಲಿರುವ ವಿಷಯವೂ ಅದರ ಜೊತೆ ಕೊಚ್ಚಿಹೋಗುತ್ತದೆ. ಅದನ್ನು ಮಂಡಳಿ ನಿಯಮದ ಕರಡು ಬಿಟ್ಟಾಗ ಹೇಳಬೇಕು. ಶೆಡ್‌ನಲ್ಲಿ ಪ್ರಿಂಟ್ ಕೇಳುವುದು, ಎಲ್ಲ ಬಿಇಗೂ ಫಾರ್ಮ್ ಒಂದು ಕೇಳುವುದು ರೂಢಿ. ಇದು ಪಿಟಿಎಫ್‌ಸಿಗೆ.

ನಂತರ ಲೆಕ್ಕ. ಏಳು ತಿಂಗಳಲ್ಲಿ ಸುಮಾರು 140 ಬಿಇ. ಒಂದೊಂದಕ್ಕೂ ಹಡಗು ಬಂದ ದಿನ, ಬಿಇ ದಿನ, ಕ್ವೆರಿ ಬಿದ್ದ ದಿನ ಮತ್ತು ಗಂಟೆ, ಉತ್ತರ ಕೊಟ್ಟ ಗಂಟೆ, ಓಓಸಿ (ಮಾಲು ಬಿಡುಗಡೆಯ ಆದೇಶ) ಆದ ದಿನ. ಕ್ವೆರಿಯ ಒಕ್ಕಣೆಯನ್ನು ಒಂದಕ್ಷರ ಬದಲಿಸದೆ ನಕಲು ಮಾಡಿದೆವು. "ಫಾರ್ಮ್ ಒಂದು ಕೇಳಿದರು" ಎಂದು ನಮ್ಮ ಮಾತಿನಲ್ಲಿ ಬರೆದರೆ ಅದು ದೂರು. ಅವರದೇ ಸಾಲು ಇಟ್ಟರೆ ಅದು ದಾಖಲೆ. ನಾವು ರಿಯಾಯಿತಿ ಕೇಳಿದ್ದು ಅರವತ್ತರ ಹತ್ತಿರ, ಅವರು ಫಾರ್ಮ್ ಒಂದು ಕೇಳಿದ್ದು ಐವತ್ತಕ್ಕೆ ಮೇಲೆ, ಅದರಲ್ಲಿ ಸಂಶಯದ ಕಾರಣ ಬರೆದಿದ್ದದ್ದು ಎರಡರಲ್ಲಿ ಮಾತ್ರ. ನೂರಕ್ಕೂ ಹೆಚ್ಚು ಬಿಇಗಳಲ್ಲಿ ಹಾರ್ಡ್ ಕಾಪಿ ಸೆಟ್ಟು, ತಲಾ 35–40 ಹಾಳೆ. ಇವೆರಡರಿಂದ ಸರಾಸರಿ ಒಂದೂವರೆ ದಿನದ ವಿಳಂಬ. ಗ್ರೌಂಡ್ ರೆಂಟ್ (ಜಾಗದ ಬಾಡಿಗೆ) ಮತ್ತು ಕಂಟೇನರ್ ಡಿಟೆನ್ಷನ್ (ಕಂಟೇನರ್ ತಡವಾಗಿ ಮರಳಿಸಿದ ಶುಲ್ಕ) ಸೇರಿ ದಿನಕ್ಕೆ ಆರೇಳು ಸಾವಿರ. ಈ ಶುಲ್ಕ ಇಲ್ಲದ ಫ್ರೀ ಡೇಸ್ ಒಳಗೆ ಮುಗಿದವನ್ನು ಬಿಟ್ಟು ಏಳು ತಿಂಗಳಿಗೆ ನಾಲ್ಕೂವರೆ ಲಕ್ಷದ ಆಸುಪಾಸು.

ಇಲ್ಲಿ ಒಂದು ಎಚ್ಚರ. ನಮ್ಮದೇ ತಪ್ಪಿನಿಂದ ತಡವಾದ ಬಿಇಗಳನ್ನೂ ಪಟ್ಟಿಯಲ್ಲಿ ಉಳಿಸಿ, ಎದುರಿಗೆ "ಆಮದುದಾರನ ತಪ್ಪು" ಎಂದು ಬರೆಯಬೇಕು. ಇಪ್ಪತ್ತರಷ್ಟು ಹಾಗಿದ್ದವು: ಸಿಓಓದಲ್ಲಿ ಇನ್‌ವಾಯ್ಸ್ ನಂಬರ್ ತಪ್ಪು, ಆರು ಅಂಕಿಯ ಎಚ್‌ಎಸ್ (ಮಾಲಿನ ವರ್ಗದ ಸಂಖ್ಯೆ) ಬಿಇಗೆ ಹೊಂದದೆ ಇರುವುದು, ಹಡಗು ಹೊರಟು ಬಹಳ ದಿನದ ಮೇಲೆ ಕೊಟ್ಟ ಸಿಓಓದಲ್ಲಿ "ಇಷ್ಯೂಡ್ ರೆಟ್ರೊಆಕ್ಟಿವ್ಲಿ" ಗುರುತು ಇಲ್ಲದಿರುವುದು, ಮೂರನೇ ದೇಶದ ಇನ್‌ವಾಯ್ಸ್ ಎಂದು ಬಿಇಯಲ್ಲಿ ಹೇಳದೆ ಬಿಟ್ಟದ್ದು. ಇವನ್ನು ಮುಚ್ಚಿಟ್ಟಿದ್ದರೆ ಅಧಿಕಾರಿಗಳು ಆರಿಸಿ ತೆಗೆಯುವುದು ಅವನ್ನೇ. ನಾವೇ ಒಪ್ಪಿಕೊಂಡಿದ್ದರಿಂದ ಉಳಿದ 120ರ ಬಗ್ಗೆ ಸಭೆಯಲ್ಲಿ ಯಾರೂ ಎದುರು ಮಾತಾಡಲಿಲ್ಲ.

ಮನವಿ ಒಂದು ವಿಷಯಕ್ಕೆ ಒಂದೇ ಪುಟ. ಮೇಲೆ ನಿಯಮದ ಪದಗಳು ಇದ್ದ ಹಾಗೆ. ಕೆಳಗೆ ನಡೆಯುತ್ತಿರುವ ರೂಢಿ, ಬಿಇ ಸಂಖ್ಯೆ ಸಮೇತ. ಆಮೇಲೆ ನಾವು ಕೇಳುವ ಒಕ್ಕಣೆ. ಕೊನೆಗೆ, ಹಾಗೆ ಮಾಡಿದರೆ ಸರ್ಕಾರದ ಸುಂಕಕ್ಕೆ ಏನು ಅಪಾಯ, ಅದನ್ನು ತಡೆಯುವುದು ಹೇಗೆ. ಹೆಚ್ಚಿನ ಮನವಿಗಳು ಸೋಲುವುದು ಈ ಕೊನೆಯ ಭಾಗ ಇಲ್ಲದೆ. ಅಪ್ರೈಸರ್ (ಬಿಇ ಪರಿಶೀಲಿಸುವ ಅಧಿಕಾರಿ) ಫಾರ್ಮ್ ಒಂದು ಕೇಳುವುದು ಹಟಕ್ಕಲ್ಲ. ನಾಳೆ ಆಡಿಟ್‌ನವರು "ಯಾಕೆ ಕೇಳಲಿಲ್ಲ" ಎಂದರೆ ಉತ್ತರ ಬೇಕು. ಆ ಉತ್ತರವನ್ನು ನಾವೇ ಬರೆದುಕೊಟ್ಟೆವು. ಇಂಗ್ಲಿಷ್‌ನಲ್ಲಿ ಕೊಟ್ಟದ್ದರ ತಾತ್ಪರ್ಯ ಹೀಗೆ: "ರಿಯಾಯಿತಿ ಕೋರುವ ಆಮದುದಾರನು ಫಾರ್ಮ್ ಒಂದರ ಮಾಹಿತಿ ತನ್ನ ಬಳಿ ಸಿದ್ಧವಿದೆಯೆಂದೂ, ಕೇಳಿದಲ್ಲಿ 10 ಕೆಲಸದ ದಿನಗಳೊಳಗೆ ಒದಗಿಸುವೆನೆಂದೂ ಬಿಇ ಜೊತೆ ಒಂದು ಪುಟದ ಹೇಳಿಕೆ ಏರಿಸತಕ್ಕದ್ದು. ಅಧಿಕಾರಿಯು ಕಾರಣ ದಾಖಲಿಸಿ ಯಾವ ಹಂತದಲ್ಲಾದರೂ ಮಾಹಿತಿ ಕೇಳಬಹುದು." ಕೊನೆಯ ವಾಕ್ಯ ಅವರ ಅಧಿಕಾರವನ್ನು ಹಾಗೇ ಉಳಿಸುತ್ತದೆ. ಅದನ್ನು ಸೇರಿಸಬೇಡಿ ಎಂದು ಸಂಘದಲ್ಲಿ ಕೆಲವರು ಬಹಳ ಒತ್ತಾಯಿಸಿದರು. ಸೇರಿಸಿದ್ದಕ್ಕೇ ಮನವಿ ಪಾಸಾಯಿತು.

ಹಾರ್ಡ್ ಕಾಪಿ ವಿಷಯಕ್ಕೆ ಬಳಸಿದ್ದು ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಒಂದೇ ಪ್ರಶ್ನೆ: ಇ-ಸಂಚಿತ್‌ನಲ್ಲಿರುವ ದಾಖಲೆಗಳ ಮುದ್ರಿತ ಪ್ರತಿಯನ್ನು ತಪಾಸಣೆ ವೇಳೆ ಪಡೆಯಬೇಕೆಂಬ ಆದೇಶದ ನಕಲು ಕೊಡಿ. "ಯಾಕೆ" ಎಂದು ಕೇಳಬಾರದು, ನಕಲು ಕೇಳಬೇಕು. ಮೂವತ್ತು ದಿನದೊಳಗೆ ಉತ್ತರ ಬಂತು: ಅಂಥ ಆದೇಶ ಲಭ್ಯವಿಲ್ಲ. ಅದನ್ನೇ ಅನುಬಂಧವಾಗಿ ಲಗತ್ತಿಸಿದೆವು. ಮೂಲ ಸಿಓಓ ತೋರಿಸಿ ಡಿಫೇಸ್ ಮಾಡಿಸುವುದು (ಮತ್ತೆ ಬಳಸದಂತೆ ಗುರುತು ಹಾಕಿಸುವುದು) ಬೇರೆ ವಿಷಯ. ಅದಕ್ಕೆ ಆಧಾರವಿದೆ, ಮನವಿಗೆ ಸೇರಿಸಲೇ ಇಲ್ಲ.

ಕಾರ್ಯಸೂಚಿಗೆ ವಿಷಯ ಸೇರಬೇಕಾದರೆ ಸಭೆಗೆ ಹತ್ತು ದಿನ ಮೊದಲು ಕೊಡಬೇಕು, ಅದೂ ಸಂಘದ ಲೆಟರ್‌ಹೆಡ್‌ನಲ್ಲಿ. ಒಂಟಿ ಕಂಪನಿಯ ಪತ್ರ ಅಹವಾಲು ಎನಿಸಿಕೊಳ್ಳುತ್ತದೆ, ಸಂಘದ್ದು ಚರ್ಚೆಯ ವಿಷಯ ಆಗುತ್ತದೆ. ಇನ್ನೂ ನಾಲ್ಕು ಆಮದುದಾರರ ಬಿಇಗಳನ್ನು ನಮ್ಮ ಪಟ್ಟಿಯ ಕೆಳಗೆ ಸೇರಿಸಿದೆವು. ಅವರನ್ನು ಒಪ್ಪಿಸಲು ನಮ್ಮ ಲೆಕ್ಕದ ಹಾಳೆ ತೋರಿಸಿದ್ದು ಸಾಕಾಯಿತು. ಸಭೆಯಲ್ಲಿ ಬಾಯಿಮಾತಿನ "ಆಯ್ತು, ನೋಡೋಣ" ಲೆಕ್ಕಕ್ಕಿಲ್ಲ. ನಡಾವಳಿಯ ಕರಡು ಬಂದ ದಿನವೇ ನಮ್ಮ ವಿಷಯದ ಸಾಲು ಓದಿ, ಕ್ರಮ ಯಾರದು, ಯಾವಾಗ ಎಂದು ಇಲ್ಲದಿದ್ದರೆ ಬರೆದು ಕೇಳಬೇಕು. ನಮ್ಮದು ಎರಡು ಸಭೆ ಮುಂದೂಡಿ ಮೂರನೆಯದರಲ್ಲಿ ತೀರ್ಮಾನವಾಯಿತು. ವಿಷಯವನ್ನು ಯಾವ ತಿಂಗಳಿಗೆ ಇಡಬೇಕು, ಕ್ರಮಸಂಖ್ಯೆಯಲ್ಲಿ ಎಷ್ಟನೆಯದಾಗಿ ಇರಬೇಕು ಎನ್ನುವುದರಲ್ಲೂ ಒಂದು ಲೆಕ್ಕಾಚಾರ ಇದೆ. ಅದು ನಮ್ಮ ಬಳಿಯೇ ಇರಲಿ.

ಮಂಡಳಿಯ ಕರಡಿಗೆ ಅಭಿಪ್ರಾಯ ಕೊಡುವುದು ಬೇರೆ ದಾರಿ. ಅಲ್ಲಿ ನಾಲ್ಕು ಕಾಲಂ ಸಾಕು: ನಿಯಮ ಸಂಖ್ಯೆ, ಕರಡಿನ ಪದಗಳು, ನಮ್ಮ ಪದಗಳು, ಕಾರಣ ಮೂರು ಸಾಲು. ಅಂಕಿ ಇರುವ ಕಾಲಂ ಓದಿಸಿಕೊಳ್ಳುತ್ತದೆ. ಮಂಡಳಿ ಕೇಳಿಸಿಕೊಳ್ಳುವುದೇ ಇಲ್ಲ ಎನ್ನುವವರು 2023 ನೆನಪಿಸಿಕೊಳ್ಳಲಿ. ರಾಸಾಯನಿಕಗಳ ಬಿಇಯಲ್ಲಿ ಸಿಎಎಸ್ ಸಂಖ್ಯೆ, ಐಯುಪಿಎಸಿ ಹೆಸರು (ರಾಸಾಯನಿಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ, ಹೆಸರು) ಜುಲೈ 1ರಿಂದ ಕಡ್ಡಾಯ ಎಂದಿದ್ದದ್ದು ವ್ಯಾಪಾರಿಗಳ ಮನವಿ ಬಂದ ಮೇಲೆ ಅಕ್ಟೋಬರ್ 15ಕ್ಕೆ ಹೋಯಿತು.

ಜೊತೆಗೆ ನಡೆಸಿದ ಒಂದು ಪ್ರಯೋಗ ಮನವಿಯಷ್ಟೇ ಲಾಭ ಕೊಟ್ಟಿತು. ಫೇಸ್‌ಲೆಸ್ ಅಸೆಸ್‌ಮೆಂಟ್ (ಬೇರೆ ಊರಿನ ಅಧಿಕಾರಿ ಆನ್‌ಲೈನ್‌ನಲ್ಲೇ ಬಿಇ ಪರಿಶೀಲಿಸುವುದು) 2020ರ ಜೂನ್ 8ರಂದು ಬೆಂಗಳೂರು, ಚೆನ್ನೈಗಳಲ್ಲಿ ಸುಂಕ ಪಟ್ಟಿಯ 84, 85ನೇ ಅಧ್ಯಾಯಗಳಿಗೇ (ಯಂತ್ರ, ವಿದ್ಯುತ್ ಉಪಕರಣ) ಮೊದಲು ಶುರುವಾದದ್ದು. ಅಂದಿನಿಂದ ಒಂದೇ ವಾಲ್ವ್‌ಗೆ ಬೇರೆ ಬೇರೆ ಊರಿನ ಅಧಿಕಾರಿಗಳು ಮತ್ತೆ ಮತ್ತೆ ಕ್ಯಾಟಲಾಗ್ ಕೇಳುತ್ತಾರೆ. 24 ಪುಟದ ಬಣ್ಣದ ಕ್ಯಾಟಲಾಗ್ ಒಂಬತ್ತು ಎಂಬಿ, ಇ-ಸಂಚಿತ್ ಮಿತಿ ಒಂದು ಎಂಬಿ. 200 ಡಿಪಿಐ ಕಪ್ಪು-ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಮಿತಿಯೊಳಗೆ ಬರುತ್ತದೆ, ಆದರೆ ಡ್ರಾಯಿಂಗ್‌ನ ಸಣ್ಣ ಗೆರೆಗಳು ತುಂಡಾಗಿ ಅಳತೆ ಓದಲಾಗುವುದಿಲ್ಲ, ಮತ್ತೆ ಕ್ವೆರಿ. ಕೊನೆಗೆ ಎರಡೇ ಪುಟ ಇಟ್ಟೆವು. ಪಾರ್ಟ್ ನಂಬರ್ ಇರುವ ಸಾಲಿಗೆ ಚೌಕಟ್ಟು, ಕೆಳಗೆ ಲೋಹ, ಒತ್ತಡದ ಮಿತಿ, ಬಳಕೆ, ಎಚ್‌ಎಸ್ ಸಂಖ್ಯೆಗೆ ಒಂದು ಸಾಲಿನ ಸಮರ್ಥನೆ. ಇನ್‌ವಾಯ್ಸ್‌ನಲ್ಲೂ ಅದೇ ಪಾರ್ಟ್ ನಂಬರ್, ಅದೇ ವಿವರಣೆ. ಆ ಫೈಲಿಗೆ ಇ-ಸಂಚಿತ್ ಕೊಡುವ ಐಆರ್‌ಎನ್ ಸಂಖ್ಯೆಯನ್ನೇ ಮುಂದಿನ ಬಿಇಗಳಿಗೂ ಜೋಡಿಸುತ್ತೇವೆ. ಕ್ಯಾಟಲಾಗ್ ಕ್ವೆರಿ ಮೊದಲಿನ ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಪೂರ್ತಿ ನಿಂತಿಲ್ಲ. ಪರವೂರಿನ ಅಧಿಕಾರಿಗೆ ನಮ್ಮ ಬಂದರಿನ ನಡಾವಳಿ ಅನ್ವಯಿಸುವುದಿಲ್ಲ. ಆ ಭಾಗವನ್ನು ಫೇಸ್‌ಲೆಸ್ ಅಸೆಸ್‌ಮೆಂಟ್ ನೋಡಿಕೊಳ್ಳುವ ನ್ಯಾಷನಲ್ ಅಸೆಸ್‌ಮೆಂಟ್ ಸೆಂಟರ್‌ಗೆ ಕಳಿಸಲಾಗಿದೆ, ಉತ್ತರ ಬರಬೇಕು.

ಇನ್ನೊಂದು ಪ್ರಯೋಗ ನಷ್ಟವಾಯಿತು. ಹಡಗು ಹೊರಡುವ ಮೊದಲೇ ಅಡ್ವಾನ್ಸ್ ಬಿಇ ಹಾಕಿ, ಸಿಓಓ ಬಂದ ಮೇಲೆ ಕಸ್ಟಮ್ಸ್ ಕಾಯ್ದೆಯ 149ನೇ ಸೆಕ್ಷನ್‌ನಲ್ಲಿ ತಿದ್ದಿಸುವುದು. ತಿದ್ದುಪಡಿಗೆ ಹಿಡಿದ ದಿನಗಳು ಉಳಿಸಿದ ದಿನಗಳಿಗಿಂತ ಹೆಚ್ಚಾದವು. ಎರಡು ಕಂಟೇನರ್‌ನಲ್ಲಿ 40 ಸಾವಿರದಷ್ಟು ಹೋಯಿತು. ಈಗ ಸಿಓಓ ಸ್ಕ್ಯಾನ್ ಕೈಗೆ ಬರುವವರೆಗೆ ಬಿಇ ಮುಟ್ಟುವುದಿಲ್ಲ. ಬದಲಿಗೆ ಸಿಓಓ ಕರಡನ್ನು ಸಪ್ಲೈಯರ್ ಅರ್ಜಿ ಹಾಕುವ ಮೊದಲೇ ತರಿಸಿಕೊಂಡು ಪ್ರತಿ ಬಾಕ್ಸ್ ನೋಡುತ್ತೇವೆ.

ನಡಾವಳಿ ಬಂದ ಮೇಲೆ ಹಡಗು ಬಂದಾಗಿನಿಂದ ಓಓಸಿವರೆಗೆ ಐದು ದಿನ ಹಿಡಿಯುತ್ತಿದ್ದದ್ದು ಎರಡೂವರೆ, ಮೂರಕ್ಕೆ ನಿಂತಿದೆ. ಶೆಡ್‌ನಲ್ಲಿ ಹೊಸ ಅಧಿಕಾರಿ ಬಂದಾಗ ಪ್ರಿಂಟ್ ಕೇಳುವುದು ಈಗಲೂ ಉಂಟು. ಸಿಎಚ್‌ಎ ಹುಡುಗರ ಫೋನಿನಲ್ಲಿ ನಡಾವಳಿಯ ಆ ಪುಟ ಇದೆ, ವಿನಯದಿಂದ ತೋರಿಸುತ್ತಾರೆ, ಮುಗಿಯುತ್ತದೆ.

ಈ ದಾರಿ ಹಿಡಿಯುವವರು ಒಂದು ಮಾಡಲೇಬೇಕು. ಫಾರ್ಮ್ ಒಂದು ಕೇಳುವುದು ನಿಂತಿತೆಂದು ತುಂಬುವುದನ್ನು ನಿಲ್ಲಿಸಬೇಡಿ. 2025ರ ಮಾರ್ಚ್ 18ರಿಂದ ನಿಯಮದಲ್ಲಿ "ಮೂಲದ ಪ್ರಮಾಣಪತ್ರ" ಹೋಗಿ "ಮೂಲದ ಪುರಾವೆ" ಬಂದಿದೆ, ಸ್ವಯಂ ಘೋಷಣೆಯೂ ಅದರೊಳಗೆ ಬರುತ್ತದೆ. ಪುರಾವೆ ಯಾವ ರೂಪದಲ್ಲಿ ಬಂದರೂ ಅದರ ಹಿಂದಿನ ಲೆಕ್ಕ ಆಮದುದಾರನ ಕೈಯಲ್ಲಿ ಇರಲೇಬೇಕು. ನಾವು ಪ್ರತಿ ಸಪ್ಲೈಯರ್‌ಗೆ, ಪ್ರತಿ ಎಚ್‌ಎಸ್‌ಗೆ ಒಂದು ಫಾರ್ಮ್ ತುಂಬಿ, ವರ್ಷಕ್ಕೊಮ್ಮೆ ಸಪ್ಲೈಯರ್ ಸಹಿ ಹಾಕಿಸಿ ಇಟ್ಟಿದ್ದೇವೆ. ಆಸಿಯಾನ್ ಒಪ್ಪಂದದ 35% ಮೌಲ್ಯದ (ಮಾಲಿನ ಬೆಲೆಯಲ್ಲಿ ಒಪ್ಪಂದದ ದೇಶಗಳ ಪಾಲು) ಲೆಕ್ಕವನ್ನು ಸಪ್ಲೈಯರ್ ತನ್ನ ಲಾಭ ಬಯಲಾಗದಂತೆ ಕೊಡಲು ಒಂದು ಹಾಳೆ ಮಾಡಿದ್ದೇವೆ, ಅದನ್ನು ಇಲ್ಲಿ ಹಾಕುವುದಿಲ್ಲ. ತೀರ್ಮಾನವಾದ ಮರುತಿಂಗಳೇ ಕಾರಣ ಬರೆದು ನಾಲ್ಕು ಬಿಇಗಳಿಗೆ ಫಾರ್ಮ್ ಕೇಳಿದರು. ನಾಲ್ಕನ್ನೂ ಮೂರನೇ ದಿನ ಕೊಟ್ಟೆವು. ಐದನೆಯದು ಇದುವರೆಗೆ ಬಂದಿಲ್ಲ.